ಎದುರು ಮನೆಯ ವಯೋಲಾ

ನಮ್ಮ ಎದುರು ಮನೆಯ ದಂತವೈದ್ಯೆ ವಯೋಲಾ ನುಡಿಸುತ್ತಾರೆ. ನೋಡಲು ಪಿಟೀಲಿನ ಹಾಗೇ ಇರುತ್ತದೆ, ಮೈ ಸ್ವಲ್ಪ ದೊಡ್ಡದು, ಶ್ರುತಿ ಒಂದು ಪಂಚಮದಷ್ಟು ಕೆಳಗೆ. ವಾರವೆಲ್ಲ ಕ್ಲಿನಿಕ್ಕು, ಭಾನುವಾರ ಹವ್ಯಾಸಿಗಳ ಆರ್ಕೆಸ್ಟ್ರಾದಲ್ಲಿ ರಿಹರ್ಸಲ್. ನಾನು ಬ್ಯಾಂಕಿನ ಕೆಲಸ ಮಾಡಿಕೊಂಡು ಕರ್ನಾಟಕ ಸಂಗೀತದ ಪಿಟೀಲು ಹಿಡಿದವಳು. ರಾಮನವಮಿ, ಗಣೇಶನ ಹಬ್ಬ ಬಂತೆಂದರೆ ಬಡಾವಣೆಯ ಪೆಂಡಾಲಿನಲ್ಲಿ ಪಕ್ಕವಾದ್ಯಕ್ಕೆ ಕೂರುತ್ತೇನೆ. ಇಬ್ಬರಿಗೂ ಸಂಗೀತದಿಂದ ಮನೆ ನಡೆಯಬೇಕಾಗಿಲ್ಲ, ಸಂಗೀತವಿಲ್ಲದೆ ದಿನ ಸಾಗುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ, "ಅಕ್ಕಾ, ಈ ಭಾನುವಾರ ಸಂಜೆ ನಮ್ಮ ಕಾನ್ಸರ್ಟ್. ಶೂಬರ್ಟ್ ಇದೆ, ನೀವು ಬರಲೇಬೇಕು" ಅಂದರು.

ಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಯಲ್ಲಿ ಇಳಿದೆ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿಕೊಂಡು ಬೆಳೆದ ನನ್ನಂಥವರಿಗೆ ದಂಡಿನ (ಕಂಟೋನ್ಮೆಂಟ್) ಕಡೆಯ ಪಾಶ್ಚಾತ್ಯ ಸಂಗೀತ ಕಿವಿಗೆ ಬಿದ್ದದ್ದು ಕಡಿಮೆ. ಆದರೆ ವಾದ್ಯ ಒಂದೇ ಅಲ್ಲವೇ? ಮದರಾಸಿನಲ್ಲಿ ಯುರೋಪಿಯನ್ ವಾದಕರ ಬಳಿ ಕಲಿತು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. 1822ರಲ್ಲಿ ಶೂಬರ್ಟ್ ವಿಯೆನ್ನಾದಲ್ಲಿ 'ಅಪೂರ್ಣ' ಸಿಂಫನಿ ಬರೆಯುವಾಗ ಬಾಲುಸ್ವಾಮಿ ದೀಕ್ಷಿತರೂ ಬದುಕಿದ್ದರು, ತಿರುವೈಯಾರಿನಲ್ಲಿ ತ್ಯಾಗರಾಜರೂ ಇದ್ದರು. ಅಂದು ನುಡಿಸಲಿದ್ದದ್ದು ಅದನ್ನೇ. ಸಿಂಫನಿಯೆಂದರೆ ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ; ಇದರಲ್ಲಿ ಪೂರ್ತಿಯಾಗಿರುವುದು ಎರಡು ಭಾಗ ಮಾತ್ರ. ಶೂಬರ್ಟ್ ತೀರಿಕೊಂಡದ್ದು 1828ರಲ್ಲಿ. ಅದನ್ನು ಜನ ಮೊದಲು ಕೇಳಿದ್ದು 1865ರಲ್ಲಿ.

ಮೊದಲರ್ಧದಲ್ಲಿ ಮೊಟ್ಸಾರ್ಟ್. ಚೆನ್ನಾಗಿಯೇ ಇತ್ತು. ವಿರಾಮದಲ್ಲಿ ಕಾಫಿ. ಆಮೇಲೆ ವೇದಿಕೆ ತುಂಬಿತು: ಕಾಲೇಜು ಹುಡುಗರು, ನರೆಗೂದಲಿನವರು, ಸಾಫ್ಟ್‌ವೇರಿನವರು, ಒಬ್ಬ ತಾಯಿ ಮತ್ತು ಮಗಳು ಒಂದೇ ಸ್ಟ್ಯಾಂಡಿನ ಮುಂದೆ. ಓಬೋ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಶ್ರುತಿ ಮಾಡಿಕೊಂಡರು. ನಮ್ಮಲ್ಲಿ ಹಾಡುವವರ ಶ್ರುತಿಗೆ ತಂತಿ ಏರುತ್ತದೆ, ಇಳಿಯುತ್ತದೆ. ಕಛೇರಿ ಮುಗಿಯುವವರೆಗೂ ತಂಬೂರ ಹಿಂದೆ ಇರುತ್ತದೆ. ಇಲ್ಲಿ ಆ ಆಸರೆ ಆರಂಭದ ಅರ್ಧ ನಿಮಿಷಕ್ಕೇ ಮುಗಿಯಿತು. ಆಮೇಲೆ ಶ್ರುತಿ ಅವರವರ ಕಿವಿಯಲ್ಲಿ. ಸುಮಾರು ನಲವತ್ತು ಜನ ಹಾಗೆ ಸೇರಿ ನಿಲ್ಲುವುದು ಎಷ್ಟು ಕಷ್ಟವೆಂದು ತಂತಿವಾದ್ಯ ಹಿಡಿದವರಿಗೆ ಗೊತ್ತು.

ಪಿಟೀಲಿನ ಬಳಗದ ದೊಡ್ಡ ವಾದ್ಯಗಳಾದ ಸೆಲ್ಲೋ, ಬಾಸ್‌ಗಳು ತೀರ ಕೆಳಗಿನ ಸ್ಥಾಯಿಯಲ್ಲಿ ಶುರುಮಾಡಿದವು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತು, ಊದುವ ವಾದ್ಯಗಳಾದ ಹಾರ್ನ್ ಮತ್ತು ಬಸೂನ್ ಮಾತ್ರ ಒಂದು ಉದ್ದನೆಯ ಸ್ವರ ಹಿಡಿಯುವ ಜಾಗ ಬರುತ್ತದೆ. ಅಲ್ಲಿಂದಲೇ ರಾಗ ಬೇರೆ ಕಡೆಗೆ ಹೊರಳಬೇಕು. ಆ ಸಂಜೆ ಹಾರ್ನಿನ ಸ್ವರ ಅಲ್ಲಿ ಒಡೆಯಿತು. ಹಾರ್ನಿನಲ್ಲಿ ಸ್ವರ ಹುಡುಕುವುದು ಬಹುಪಾಲು ತುಟಿಯ ಕೆಲಸ. ಮೇಲಿನ ಸ್ಥಾಯಿಯಲ್ಲಿ ಒಂದರ ಪಕ್ಕಕ್ಕೊಂದು ಸ್ವರಗಳು ಅಂಟಿಕೊಂಡೇ ಇರುತ್ತವೆ, ತುಟಿ ಕೂದಲೆಳೆಯಷ್ಟು ಸಡಿಲವಾದರೆ ಪಕ್ಕದ್ದು ನುಗ್ಗುತ್ತದೆ. ನನ್ನ ಎದೆ ಧಸಕ್ಕೆಂದಿತು. ವೇದಿಕೆಯ ಮೇಲೆ ಒಬ್ಬರೂ ತಿರುಗಿ ನೋಡಲಿಲ್ಲ. ಬಸೂನಿನವರು ಉಸಿರು ಬಿಡದೆ ಸ್ವರ ಹಿಡಿದುಕೊಂಡಿದ್ದರು, ಅದರೊಳಕ್ಕೆ ಹಾರ್ನ್ ಮತ್ತೆ ಬಂದು ಸೇರಿತು. ಹಾಡುವವರು ಸಾಹಿತ್ಯ ಮರೆತಾಗ ಆ ಸಾಲನ್ನು ಎತ್ತಿಕೊಂಡು ನಡೆಸುವ ಕೆಲಸ ನಾನೂ ಮಾಡಿದ್ದೇನೆ. ಆ ಬಸೂನಿನವರಿಗೆ ಅಲ್ಲೇ ಎದ್ದು ಕೈಮುಗಿಯಬೇಕೆನಿಸಿತು.

ಇಷ್ಟಾದ ಮೇಲೆ ಬಂದದ್ದು ನಾನು ಇಂದಿಗೂ ಗುನುಗುವ ಜಾಗ.

ಕೆಲವು ವಾರಗಳಿಂದ ರಾತ್ರಿ ಊಟವಾದ ಮೇಲೆ ಎದುರು ಬಾಗಿಲಿನಿಂದ ಒಂದೇ ಬಗೆಯ ಅಭ್ಯಾಸ ಕೇಳುತ್ತಿತ್ತು. ಮೂರೆಣಿಕೆಯ ನಡೆ, ಆದರೆ ಸ್ವರ ಎಣಿಕೆಯ ಮೇಲೆ ಕೂರದೆ ಎರಡು ಎಣಿಕೆಗಳ ನಡುವೆ ಬೀಳುವುದು. ರಾಗವೆನ್ನುವಂಥದ್ದೇನೂ ಇಲ್ಲ. ಅದನ್ನೇ ನಿಧಾನವಾಗಿ, ಎಣಿಕೆ ತಟ್ಟುವ ಮೆಟ್ರೊನೋಮ್ ಇಟ್ಟುಕೊಂಡು, ಮತ್ತೆ ಮತ್ತೆ. ಪಾತ್ರೆ ತೊಳೆಯುತ್ತಾ ನಾನು ಅದಕ್ಕೆ ಬೆರಳಲ್ಲಿ ತಾಳ ಹಾಕುತ್ತಿದ್ದೆ. ಇಷ್ಟಕ್ಕೆ ಇಷ್ಟೊಂದು ಸಾಧನೆ ಯಾಕೆ ಎಂದು ಅರ್ಥವಾಗುತ್ತಿರಲಿಲ್ಲ.

ಈಗ ಹಾರ್ನ್ ಇಳಿದ ಕೂಡಲೇ ವಯೋಲಾಗಳೂ ಕ್ಲಾರಿನೆಟ್‌ಗಳೂ ಆ ನಡೆಯನ್ನೇ ಮೆತ್ತಗೆ ಶುರುಮಾಡಿದವು. ಬಾಸ್‌ನವರು ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟಿದರು. ಅದರ ಮೇಲೆ ಸೆಲ್ಲೋಗಳು ಷಡ್ಜದಿಂದ ಕೆಳಗಿನ ಪಂಚಮಕ್ಕೆ ಇಳಿದು ಹಾಡತೊಡಗಿದವು. ಶಂಕರಾಭರಣದ ಸ್ವರಗಳು, ಗಮಕದ ಸುಳಿವಿಲ್ಲ, ಆದರೂ ಕಣ್ಣು ತುಂಬಿತು. ವಯೋಲಾ ಎಣಿಕೆಯ ಮೇಲೆ ಬಿದ್ದಿದ್ದರೆ ಆ ರಾಗ ನಡೆಯುತ್ತಿತ್ತು, ಅಷ್ಟೇ. ನಡುವೆ ಬಿದ್ದದ್ದರಿಂದ ತೇಲಿತು. ಸಭೆಯ ಕಣ್ಣೆಲ್ಲ ಸೆಲ್ಲೋಗಳ ಮೇಲೆ. ನಾನು ಡಾಕ್ಟರ ಬಲಗೈಯನ್ನೇ ನೋಡುತ್ತಿದ್ದೆ. ಕಮಾನಿನ ನಡುಭಾಗದ ನಾಲ್ಕು ಬೆರಳಗಲವಷ್ಟೇ ಬಳಕೆ, ಮಣಿಕಟ್ಟು ಸಡಿಲ, ಕಣ್ಣು ಪುಸ್ತಕದ ಮೇಲಲ್ಲ, ಸೆಲ್ಲೋ ಹುಡುಗನ ಮೇಲೆ. ಅವನು ಸಾಲಿನ ಕೊನೆಯಲ್ಲಿ ಚೂರು ಎಳೆದರೆ ಇವರೂ ಅಷ್ಟೇ ಎಳೆಯುತ್ತಿದ್ದರು. ಪಕ್ಕವಾದ್ಯವೆಂದರೆ ಇದೇ. ಹಾಡುವವರ ನೆರಳಾಗುವುದು ಎಂದು ನಮ್ಮ ಗುರುಗಳು ಹೇಳುತ್ತಿದ್ದರು; ಇಲ್ಲಿ ಹಾಡುವವರಿಗೆ ನೆಲವಾಗಿದ್ದರು.

ಅದೇ ರಾಗವನ್ನು ಪಿಟೀಲುಗಳು ಎತ್ತಿಕೊಂಡು, ಸಾಲು ಮುಗಿಯುವ ಮೊದಲೇ ಥಟ್ಟನೆ ನಿಲ್ಲಿಸಿದವು. ಒಂದು ಇಡೀ ಆವರ್ತದಷ್ಟು ಮೌನ. ಶೂಬರ್ಟ್ ಬರೆದಿಟ್ಟಿರುವ ಮೌನ ಅದು. ಮರುಕ್ಷಣ ಇಡೀ ಆರ್ಕೆಸ್ಟ್ರಾ ಒಂದೇ ಏಟಿಗೆ ಬೀಳಬೇಕು. ಎಣಿಸಿಕೊಡಲು ಮೃದಂಗವಿಲ್ಲ, ಕೇಳುವಂತೆ ತಾಳ ಹಾಕುವವರಿಲ್ಲ. ಎಲ್ಲರ ಕಮಾನುಗಳೂ ಗಾಳಿಯಲ್ಲಿ ನಿಂತಿದ್ದವು. ಬಿದ್ದವು, ಒಟ್ಟಿಗೇ ಬಿದ್ದವು! ಬಾಯಿಗೆ ಬಂದ "ಭೇಷ್" ತಡೆದುಕೊಂಡೆ. ಅವರ ಪದ್ಧತಿಯಲ್ಲಿ ನಡುವೆ ಮಾತಾಡುವಂತಿಲ್ಲ. ಇದೊಂದು ವಿಷಯದಲ್ಲಿ ನಮ್ಮ ಪದ್ಧತಿಯೇ ನನಗೆ ಹೆಚ್ಚು ಇಷ್ಟ. ಒಳ್ಳೆಯದು ಕೇಳಿದ ಗಳಿಗೆಯಲ್ಲೇ ನುಡಿಸಿದವರಿಗೆ ಅದು ತಲುಪಬೇಕು.

ಎರಡನೆಯ ಭಾಗ ಶುರುವಾಗುವುದೂ ಹಾರ್ನ್, ಬಸೂನ್‌ಗಳಿಂದಲೇ. ಸ್ವರ ಒಡೆದ ಆ ಮನುಷ್ಯ ಹಾರ್ನ್ ತಿರುಗಿಸಿ ಒಳಗಿನ ನೀರು ಚೆಲ್ಲಿ, ಭುಜ ಇಳಿಬಿಟ್ಟು ಉಸಿರೆಳೆದುಕೊಂಡದ್ದು ಕಂಡಿತು. ಬಾಸ್‌ಗಳ ಮೀಟು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಿದ್ದರೆ ಮೇಲೆ ಹಾರ್ನ್ ತಿಳಿಯಾಗಿ ಬಂತು. ಧ್ವನಿಮುದ್ರಿಕೆಗಳಲ್ಲಿ ಆ ಜಾಗ ಇದಕ್ಕಿಂತ ನುಣುಪಾಗಿ ಸಿಗುತ್ತದೆ. ಆದರೆ ಮೊದಲ ಭಾಗದಲ್ಲಿ ಎಡವಿದವರು ಮತ್ತೆ ತುಟಿ ಕೂಡಿಸುವ ಧೈರ್ಯ ಅಲ್ಲಿ ಕೇಳುವುದಿಲ್ಲ. ನುಡಿಸುವವರು ಹವ್ಯಾಸಿಗಳ ಕಛೇರಿಗೆ ಹೋಗಬೇಕಾದದ್ದು ಇದಕ್ಕಾಗಿ ಎಂದು ನನ್ನ ನಂಬಿಕೆ.

ಮುಗಿದ ಮೇಲೆ ಡಾಕ್ಟರು ವಯೋಲಾ ಒರೆಸುತ್ತಿದ್ದರು. ತಂತಿಯ ಕೆಳಗೆಲ್ಲ ರಾಳದ ಪುಡಿ.

"ಹೇಗಿತ್ತು ಅಕ್ಕಾ? ನಮ್ಮದು ಕೇಳಿಸಿತಾ?"

"ದಿನಾ ರಾತ್ರಿ ಕೇಳಿದ್ದೆನಲ್ಲ. ಇವತ್ತು ಗೊತ್ತಾಯಿತು ಅದು ಯಾಕೆ ಅಂತ. ಮೌನ ಆದ ಮೇಲೆ ಅಷ್ಟು ಸರಿಯಾಗಿ ಹೇಗೆ ಬಿದ್ದಿರಿ?"

"ಕಂಡಕ್ಟರ್ ಕೈಗಿಂತ ಮುಂದಿನ ಸ್ಟ್ಯಾಂಡಿನವರ ಉಸಿರು ನೋಡ್ತೀವಿ. ಅವರು ಎಳೆದುಕೊಂಡಾಗ ನಾವೂ ಎಳೆದುಕೊಳ್ಳೋದು."

ಹಾರ್ನಿನವರು ಪೆಟ್ಟಿಗೆ ಹಿಡಿದು ತಲೆತಗ್ಗಿಸಿ ಹೊರಟಿದ್ದರು. ಅಡ್ಡ ನಿಂತು, "ಎರಡನೇ ಭಾಗದ ಆರಂಭಕ್ಕೆ ಭೇಷ್ ಅನ್ನಬೇಕಿತ್ತು ಸಾರ್, ಆಗ ಅನ್ನಲಾಗಲಿಲ್ಲ. ಈಗ ಹೇಳ್ತಿದ್ದೀನಿ" ಅಂದೆ. ಅವರು ಪೆಟ್ಟಿಗೆ ಕೆಳಗಿಟ್ಟು, ಆ ಸ್ವರಕ್ಕೆ ತುಟಿ ಹೇಗೆ ಕೂಡಿಸುತ್ತಾರೆಂದು ಅಲ್ಲೇ ಬಾಗಿಲಲ್ಲಿ ತೋರಿಸತೊಡಗಿದರು.