ಕ್ಯಾಲೆಂಡರಿನಲ್ಲಿ 17 ಗುರುತು

ದಸರಾ ರಜೆ ಮುಗಿದು ಪಿಯು ಕಾಲೇಜು ಶುರುವಾದ ವಾರ ಆಪ್ತಸಮಾಲೋಚಕರ ಕೊಠಡಿಗೆ ಬಿಡುವಿರುವುದಿಲ್ಲ. ಮಿಡ್‌ಟರ್ಮ್ ಅಂಕಗಳು ಬಂದಿರುತ್ತವೆ, ಹಾಜರಾತಿ ಕಮ್ಮಿಯಾದವರ ಪಟ್ಟಿ ಪ್ರಾಂಶುಪಾಲರ ಮೇಜಿನ ಮೇಲಿರುತ್ತದೆ, ಉಪನ್ಯಾಸಕರೊಬ್ಬರು ಬಂದು "ಆ ಹುಡುಗ ಮೊದಲಿನ ಹಾಗಿಲ್ಲ, ಒಂದ್ಸಲ ಮಾತಾಡಿ ನೋಡಿ" ಎಂದು ಹೇಳಿ ಹೋಗುತ್ತಾರೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅಂಥ ಒಂದು ದಿನ, ಮೊದಲ ಪಿಯುಸಿ ಹುಡುಗನೊಬ್ಬ ಗಾಂಜಾ ಬಗ್ಗೆ ಬಾಯಿಬಿಟ್ಟ 45 ನಿಮಿಷ ಮತ್ತು ಅದರ ಹಿಂದೆಮುಂದಿನ ಕೆಲಸ ಹೇಗೆ ನಡೆಯಿತು ಎಂಬುದು ಇಲ್ಲಿದೆ. ಗುರುತು ಹತ್ತಬಾರದೆಂದು ಹಲವು ಹುಡುಗರ ವಿವರ ಬೆರೆಸಿದ್ದೇವೆ. ಕೆಲಸದ ಕ್ರಮ ಮಾತ್ರ ಇದ್ದದ್ದು ಇದ್ದ ಹಾಗೆ.

ಹುಡುಗನನ್ನು ಕರೆಸುವಾಗಲೇ ಅರ್ಧ ಕೆಲಸ ಕೆಡುವುದುಂಟು. ಅಟೆಂಡರ್ ತರಗತಿಯ ಬಾಗಿಲಲ್ಲಿ ನಿಂತು ಹೆಸರು ಕೂಗಿ "ಕೌನ್ಸೆಲರ್ ಕರೀತಿದಾರೆ" ಅಂದರೆ ಸಂಜೆಯೊಳಗೆ ಇಡೀ ಸೆಕ್ಷನ್ ಒಂದು ಕಾರಣ ಕಟ್ಟಿರುತ್ತದೆ. ಅದಕ್ಕೇ ಇಲ್ಲಿ ಮೊದಲ ಪಿಯುಸಿಯ ಎಲ್ಲರನ್ನೂ ರೋಲ್ ನಂಬರ್ ಪ್ರಕಾರ ಹತ್ತು ನಿಮಿಷ ಮಾತಾಡಿಸುವ ಪದ್ಧತಿ ಇಟ್ಟಿದ್ದೇವೆ. ನಿದ್ದೆ, ಊಟ, ಓದು, ಮನೆ, ಸಿಗರೇಟು, ಗಾಂಜಾ ಎಲ್ಲವನ್ನೂ ಎಲ್ಲರಿಗೂ ಕೇಳುತ್ತೇವೆ. ಬಾಸ್ಟನ್ನಿನಲ್ಲಿ ರೂಪುಗೊಂಡ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ: ನಶೆಯಲ್ಲಿದ್ದವರು ಓಡಿಸುವ ಗಾಡಿ ಹತ್ತಿದ್ದೀಯಾ, ಮನಸ್ಸು ಹಗುರ ಮಾಡಿಕೊಳ್ಳಲು ಸೇದುತ್ತೀಯಾ, ಒಬ್ಬನೇ ಇದ್ದಾಗ ಸೇದುತ್ತೀಯಾ, ಆಗ ಮಾಡಿದ್ದು ಮರೆತುಹೋಗಿದೆಯಾ, ಮನೆಯವರೋ ಗೆಳೆಯರೋ ಕಮ್ಮಿ ಮಾಡು ಅಂದಿದ್ದಾರಾ, ಇದರಿಂದ ಏನಾದರೂ ತೊಂದರೆಗೆ ಸಿಕ್ಕಿದ್ದೀಯಾ. ಎರಡಕ್ಕೆ ಹೌದು ಎಂದರೆ ಕೂರಿಸಿ ಮಾತಾಡಬೇಕು. ಈ ಹುಡುಗನದು ನಾಲ್ಕು.

ಬಾಗಿಲು ಮುಚ್ಚಿದ ಮೇಲೆ ಮೊದಲ ಐದು ನಿಮಿಷ ಗಾಂಜಾ ಎಂಬ ಮಾತನ್ನೇ ಎತ್ತುವುದಿಲ್ಲ. ಇಲ್ಲಿ ಆಡಿದ್ದು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಅವನ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ ಸುಮ್ಮನಿರಲು ಆಗುವುದಿಲ್ಲ. ಮೂರನೆಯದನ್ನು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಉಳಿದದ್ದು ಪ್ರಾಂಶುಪಾಲರಿಗೂ ಹೋಗುವುದಿಲ್ಲ. ಈ ಮಾತನ್ನು ಉಳಿಸಿಕೊಳ್ಳಲು ಜೂನ್ ತಿಂಗಳಲ್ಲೇ ಆಡಳಿತ ಮಂಡಳಿಯಿಂದ ಬರಹದಲ್ಲಿ ಒಪ್ಪಿಗೆ ಪಡೆದಿರಬೇಕು, ರಿಜಿಸ್ಟರಿನಲ್ಲಿ ಹೆಸರಿನ ಬದಲು ಸಂಖ್ಯೆ ಇರಬೇಕು. ಒಬ್ಬ ಹುಡುಗನ ಗುಟ್ಟು ಸ್ಟಾಫ್ ರೂಮಿನಲ್ಲಿ ಬಯಲಾಯಿತೋ, ಆ ವರ್ಷ ಇನ್ನೊಬ್ಬ ಹುಡುಗ ನಿಜ ಹೇಳುವುದಿಲ್ಲ.

"ತಿಂಗಳಿಗೆ ನಾಲ್ಕೈದು ಸಲ ಅಷ್ಟೇ ಮೇಡಂ" ಎಂದ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ಅಂದಾಜು ಕೇಳಿದರೆ ಎಲ್ಲರ ಬಾಯಲ್ಲೂ ಸಣ್ಣ ಸಂಖ್ಯೆಯೇ ಬರುತ್ತದೆ. ಅದಕ್ಕೇ ಗೋಡೆ ಕ್ಯಾಲೆಂಡರಿನ ಎರಡು ಹಾಳೆ ಮುಂದಿಟ್ಟು ಹಿಂದಿನ 30 ದಿನ ಒಟ್ಟಿಗೆ ನೆನೆಯಬೇಕು. ಮೊದಲು ಗಾಂಜಾ ಬಿಟ್ಟು ಬೇರೆಲ್ಲ ಗುರುತಿಸಬೇಕು: ಮಿಡ್‌ಟರ್ಮ್ ಯಾವತ್ತು ಶುರುವಾಯಿತು, ಕೊನೆಯ ಪೇಪರ್ ಯಾವತ್ತು, ಆಯುಧಪೂಜೆ, ಅಜ್ಜಿ ಊರಿಗೆ ಹೋಗಿದ್ದು, ಟ್ಯೂಷನ್ ಇರುವ ದಿನಗಳು. ಈ ಗೂಟಗಳನ್ನು ನೆಟ್ಟ ಮೇಲೆ ಮಧ್ಯದ ದಿನಗಳು ತಾವೇ ನೆನಪಾಗುತ್ತವೆ. ಪೆನ್ನು ಅವನ ಕೈಯಲ್ಲೇ ಇರಬೇಕು. ಸೇದಿದ ದಿನಕ್ಕೆ ಒಂದು ಗೆರೆ, ಒಬ್ಬನೇ ಸೇದಿದ್ದರೆ ಅದರ ಸುತ್ತ ಒಂದು ಸೊನ್ನೆ, ದುಡ್ಡು ಕೊಟ್ಟ ದಿನ ಮೂಲೆಯಲ್ಲಿ ಮೊತ್ತ. ಎಣಿಸುವುದೂ ಅವನೇ. ಹದಿನೇಳು ಬಂತು. ಇನ್ನೊಮ್ಮೆ ಎಣಿಸಿದ. ಆಗಲೂ ಹದಿನೇಳೇ.

ಇಲ್ಲಿ "ನೋಡಿದೆಯಾ!" ಎನ್ನುವ ಆಸೆ ಆಗುತ್ತದೆ. ಹಾಗಂದರೆ ಕೆಟ್ಟಿತು. ಹಾಳೆಯಲ್ಲಿ ಇನ್ನೂ ಎರಡು ಸಂಗತಿ ಇದ್ದವು. ಪರೀಕ್ಷೆಯ ದಿನಗಳಲ್ಲಿ ಒಂದೂ ಗೆರೆಯಿಲ್ಲ. ಅಪ್ಪ ಮನೆಯಲ್ಲಿರುವ ಭಾನುವಾರಗಳೂ ಖಾಲಿ. ಅಂದರೆ ಬೇಕೆಂದಾಗ ನಿಲ್ಲಿಸುವ ಶಕ್ತಿ ಅವನಲ್ಲಿದೆ, ಅದಕ್ಕೆ ಅವನದೇ ಕೈಬರಹದ ಪುರಾವೆಯೂ ಇದೆ. ಎಣಿಕೆಗಿಂತ ಮೊದಲು ಅದನ್ನೇ ತೋರಿಸಬೇಕು. ಉಳಿದ ಗೆರೆಗಳಲ್ಲಿ ಹೆಚ್ಚಿನವು ಬಿದ್ದದ್ದು ಒಂದೇ ಹೊತ್ತಿಗೆ: ಸಂಜೆ ಏಳೂವರೆಗೆ ಟ್ಯೂಷನ್ ಬಿಟ್ಟ ಮೇಲೆ, ಟೀ ಅಂಗಡಿ ಹಿಂದಿನ ಖಾಲಿ ಸೈಟಿನಲ್ಲಿ.

ಈ ಕ್ರಮಕ್ಕೆ ಮಾದರಿ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೆನೀಸ್ ವಾಕರ್, ರೋಜರ್ ರಾಫ್‌ಮನ್ ಮುಂತಾದವರು ಹೈಸ್ಕೂಲುಗಳೊಳಗೇ 'ಟೀನ್ ಮರಿಜುವಾನಾ ಚೆಕ್-ಅಪ್' ಎಂಬುದನ್ನು ನಡೆಸಿದರು. ತಾವಾಗಿಯೇ ಮುಂದೆ ಬಂದ ಮಕ್ಕಳಿಗೆ ಎರಡು ಭೇಟಿ, ನಡುವೆ ಸುಮಾರು ಒಂದು ವಾರ. ಬಿಡು ಎಂದು ಒತ್ತಾಯಿಸುವಂತಿಲ್ಲ. 2011ರಲ್ಲಿ ಪ್ರಕಟವಾದ, 310 ಮಕ್ಕಳ ಮೇಲಿನ ಪರೀಕ್ಷೆಯಲ್ಲಿ ಮೂರು ತಿಂಗಳ ಹೊತ್ತಿಗೆ ಈ ರೀತಿ ಮಾತಾಡಿಸಿದವರು, ಬರೀ ಮಾಹಿತಿ ಪಡೆದವರಿಗಿಂತ ಇನ್ನಷ್ಟು ಇಳಿಸಿಕೊಂಡಿದ್ದರು. ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪಿನ ನಡುವಿನ ಅಂತರ ಉಳಿದಿರಲಿಲ್ಲ. ಇದನ್ನು ಮುಚ್ಚಿಡಬಾರದು. ಎರಡು ಭೇಟಿಯಿಂದ ಬಾಗಿಲು ತೆರೆಯುತ್ತದೆ. ಆಮೇಲೆ ಹಿಂದೆ ಬಿದ್ದು ವಿಚಾರಿಸದಿದ್ದರೆ ಅದು ಹಾಗೇ ಮುಚ್ಚಿಕೊಳ್ಳುತ್ತದೆ.

ಎರಡನೆಯ ಭೇಟಿಗೆ ಒಂದು ಪುಟದ ಹಾಳೆ ಸಿದ್ಧವಿತ್ತು: ದಿನಗಳು, ಖರ್ಚು, ನಶೆಯಲ್ಲಿ ಕಳೆದ ಗಂಟೆಗಳು, ಅವನೇ ಹೇಳಿದ ಲಾಭ, ಅವನೇ ಹೇಳಿದ ನಷ್ಟ. ಲಾಭವನ್ನೂ ಬರೆಯಬೇಕು. ನಿದ್ದೆ ಬರುತ್ತದೆ, ಗೆಳೆಯರ ಜೊತೆ ನಗು ಬರುತ್ತದೆ ಎಂಬುದು ಅವನ ಪಾಲಿಗೆ ನಿಜ. ಅದನ್ನು ಅಲ್ಲಗಳೆದರೆ ಮುಂದಿನ ಮಾತನ್ನು ಅವನು ಕೇಳುವುದಿಲ್ಲ. "ಸೊಪ್ಪು ನ್ಯಾಚುರಲ್ ಅಲ್ವಾ ಮೇಡಂ, ತಿಂಥಣಿ ಜಾತ್ರೇಲಿ ಪ್ರಸಾದ ಅಂತಾನೇ ಕೊಡ್ತಾರಂತೆ" ಎಂಬ ವಾದವೂ ಬಂತು. ಅದಕ್ಕೆ ಎದುರುವಾದ ಹೂಡಲಿಲ್ಲ. "ಇರಬಹುದು. ನಿನ್ನ ವಿಷಯದಲ್ಲಿ ಹೇಗಿದೆ?" ಎಂದು ಹಾಳೆಗೇ ಮರಳಿದೆವು.

"ಕಮ್ಮಿ ಮಾಡೋದು ನಿನಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳು."

"ನಾಲ್ಕು ಅನ್ಕೊಳ್ಳಿ."

"ಒಂದು ಅನ್ನಲಿಲ್ಲವಲ್ಲ. ನಾಲ್ಕು ಯಾಕಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಮೌನವನ್ನು ನಾವು ತುಂಬಲು ಹೋಗಬಾರದು. "ಓದಿದ್ದು ತಲೇಲಿ ನಿಲ್ತಿಲ್ಲ ಮೇಡಂ. ಸಿಇಟಿ ಬೇರೆ ಇದೆ. ಅಮ್ಮ ಕೇಳಿದಾಗೆಲ್ಲ ಸುಳ್ಳು ಹೇಳ್ಬೇಕು."

"ಎಂಟು ಯಾಕಲ್ಲ?" ಎಂದು ಕೇಳಿದ್ದರೆ ಅವನು ಗಾಂಜಾದ ಪರವಾಗಿಯೇ ಕಾರಣ ಹುಡುಕುತ್ತಿದ್ದ. ಕೆಳಗಿನ ಸಂಖ್ಯೆಯ ಜೊತೆ ಹೋಲಿಸಿ ಕೇಳಿದ್ದರಿಂದ ಬದಲಾಗಬೇಕಾದ ಕಾರಣವನ್ನು ಅವನೇ ಹೇಳಬೇಕಾಯಿತು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಪ್ರೇರಣಾ ಸಂದರ್ಶನದ ತಿರುಳು ಇದೇ. ನೆನಪಿನ ಮಾತು ಅವನಿಂದ ಬಂದ ಮೇಲೆ ಮಾತ್ರ, ಅನುಮತಿ ಕೇಳಿ, ಒಂದು ಮಾಹಿತಿ ಕೊಟ್ಟೆವು: ಬಾಸ್ಟನ್ನಿನಲ್ಲಿ 16ರಿಂದ 25 ವಯಸ್ಸಿನವರು ಒಂದು ತಿಂಗಳು ಸೇದುವುದನ್ನು ನಿಲ್ಲಿಸಿದಾಗ ಹೊಸದಾಗಿ ಕಲಿತದ್ದನ್ನು ನೆನಪಿಡುವ ಶಕ್ತಿ ಸುಧಾರಿಸಿತು, ಅದೂ ಬಹುಪಾಲು ಮೊದಲ ವಾರದಲ್ಲೇ. 2018ರಲ್ಲಿ ಪ್ರಕಟವಾದ ಅಧ್ಯಯನ ಅದು. ಮೆದುಳು ಹಾಳಾಗುತ್ತದೆ ಎಂದು ಹೆದರಿಸುವುದಕ್ಕಿಂತ ಇದು ಓದುವ ಹುಡುಗನಿಗೆ ಚೆನ್ನಾಗಿ ನಾಟುತ್ತದೆ.

ಗುರಿ ಅವನೇ ಹೇಳಿದ: ಟ್ಯೂಷನ್ ಇರುವ ದಿನ ಬೇಡ, ವಾರಕ್ಕೆ ಎರಡು ದಿನ ದಾಟುವುದಿಲ್ಲ. ಕಮ್ಮಿ ಮಾಡು ಅಂದರೆ ಸೇದಲು ಅನುಮತಿ ಕೊಟ್ಟಂತಲ್ಲವೇ ಎಂದು ಕೆಲವು ಅಧ್ಯಾಪಕರು ಕೇಳುತ್ತಾರೆ. ಪೂರ್ತಿ ಬಿಡುವುದೇ ಒಳ್ಳೆಯದು ಎಂದು ಅವನಿಗೆ ನೇರವಾಗಿಯೇ ಹೇಳಿದ್ದೇವೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇದುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ ಎಂಬುದನ್ನೂ ಹೇಳಿದ್ದೇವೆ. ಆದರೆ ಒಪ್ಪದ ಗುರಿಯನ್ನು ಹೇರಿದರೆ ಅವನು ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. 17ರಿಂದ 8ಕ್ಕೆ ಇಳಿದವನಿಗೆ ಸೊನ್ನೆ ದೂರವಲ್ಲ.

ಯೋಜನೆ ಸಣ್ಣದಿರಬೇಕು, ಗಡಿಯಾರ ನೋಡಿ ಮಾಡುವಂತಿರಬೇಕು. ಏಳೂವರೆಗೆ ಟೀ ಅಂಗಡಿ ಕಡೆ ತಿರುಗದೆ ಮುಂದಿನ ಗೇಟಿನಿಂದ ಹೊರಟು, ಸೇದದ ಗೆಳೆಯನ ಜೊತೆ ಬಸ್ಸು ಹತ್ತುವುದು. ತಿಂಗಳ ಪಾಕೆಟ್ ಮನಿ ಒಟ್ಟಿಗೆ ತೆಗೆದುಕೊಳ್ಳದೆ ಎರಡು ದಿನಕ್ಕೊಮ್ಮೆ ಪಡೆಯುವುದು. ಮಾಲು ಕೊಡುವವನ ನಂಬರ್ ಬ್ಲಾಕ್ ಮಾಡುವುದು. ಇದಕ್ಕೆ ಅವನು ಕೂಡಲೇ ಒಪ್ಪಲಿಲ್ಲ, ನಾವೂ ಕಾದೆವು. ಗೆಳೆಯರು ಕರೆದಾಗ ಹೇಳುವ ಮಾತನ್ನು ಕೊಠಡಿಯಲ್ಲೇ ಹೇಳಿಸಿ ನೋಡಬೇಕು. "ನಾಳೆ ಟೆಸ್ಟಿದೆ ಮಗಾ" ಎಂಬ ನೆವ ಎರಡು ಸಲಕ್ಕೆ ಸವೆಯುತ್ತದೆ. "ಬೇಡ ಮಗಾ, ಕಮ್ಮಿ ಮಾಡ್ತಿದೀನಿ" ಎಂದು ಹೇಳಿ ನಿಲ್ಲದೆ ನಡೆಯುವುದು ಕಷ್ಟ, ಆದರೆ ಬಾಳಿಕೆ ಬರುತ್ತದೆ.

ಹೆಚ್ಚಿನವರು ಸೋಲುವುದು ಮೊದಲ ವಾರದಲ್ಲಿ, ನಿದ್ದೆಯ ಹತ್ತಿರ. ಹೆಚ್ಚು ಸೇದುತ್ತಿದ್ದವರು ಇಳಿಸಿದಾಗ ಒಂದೆರಡು ದಿನದೊಳಗೆ ಸಿಡುಕು, ಚಡಪಡಿಕೆ, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ಜೋರಾಗಿದ್ದು ಎರಡು ವಾರದಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆಗೇಡು ಮತ್ತು ವಿಚಿತ್ರ ಕನಸು ಇನ್ನೂ ಕೆಲವು ದಿನ ಕಾಡಬಹುದು. ಇದನ್ನು ಮೊದಲೇ ಹೇಳಿರದಿದ್ದರೆ "ಸೇದದಿದ್ದರೆ ನನಗೆ ನಿದ್ದೆಯೇ ಬರುವುದಿಲ್ಲ" ಎಂದು ಹುಡುಗ ತೀರ್ಮಾನಿಸಿಬಿಡುತ್ತಾನೆ. ಸಂಜೆ ನಾಲ್ಕರ ಮೇಲೆ ಕಾಫಿ, ಟೀ ಬೇಡ, ಹಾಸಿಗೆಗೆ ಫೋನ್ ಬೇಡ, ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ.

ಇನ್ನೊಂದು ಸಂಗತಿ ಹೊರದೇಶದ ಕೈಪಿಡಿಗಳಲ್ಲಿ ಸಾಕಷ್ಟು ಸಿಗುವುದಿಲ್ಲ. ನಮ್ಮ ಹುಡುಗರು ಗಾಂಜಾವನ್ನು ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸುತ್ತುತ್ತಾರೆ. ಗಾಂಜಾ ಇಳಿಸಿದಾಗ ಮೈ ನಿಕೋಟಿನ್ ಕೇಳುತ್ತದೆ, ಸಿಗರೇಟು ಏರುತ್ತದೆ, ಪ್ರತಿ ಸಿಗರೇಟೂ ಆ ಖಾಲಿ ಸೈಟನ್ನು ನೆನಪಿಸುತ್ತದೆ. ಕ್ಯಾಲೆಂಡರಿನಲ್ಲಿ ಸಿಗರೇಟಿನ ಸಂಖ್ಯೆಯನ್ನೂ ಮೊದಲ ದಿನದಿಂದ ಬರೆಸಬೇಕು.

ಮೂತ್ರ ಪರೀಕ್ಷೆ ಮಾಡಿಸೋಣ ಎಂಬ ಸಲಹೆ ಆಡಳಿತದಿಂದ ಬಂದೇ ಬರುತ್ತದೆ. ಯಾವಾಗಲೋ ಒಮ್ಮೆ ಸೇದುವವನಲ್ಲಿ ಕೆಲವು ದಿನ, ದಿನವೂ ಸೇದುವವನಲ್ಲಿ ತಿಂಗಳವರೆಗೂ ಅದು ಪಾಸಿಟಿವ್ ತೋರಿಸಬಹುದು. ಕಷ್ಟಪಟ್ಟು ಮೂರು ವಾರ ಬಿಟ್ಟವನ ಕೈಗೆ ಆ ಚೀಟಿ ಕೊಟ್ಟರೆ, ಬಿಟ್ಟೂ ಏನು ಪ್ರಯೋಜನ ಎಂದು ಸಿಟ್ಟಾಗುತ್ತಾನೆ. ಸೇದುವವರನ್ನೆಲ್ಲ ಒಂದು ಗುಂಪು ಮಾಡಿ ಕೂರಿಸುವುದೂ ಬೇಡ. ಎಲ್ಲಿ ಸಿಗುತ್ತದೆ, ಯಾರ ಹತ್ತಿರ ಸಿಗುತ್ತದೆ ಎಂಬುದು ಅಲ್ಲೇ ಹಂಚಿಕೆಯಾಗುತ್ತದೆ.

ತಂದೆತಾಯಿಗೆ ಹೇಳುವ ವಿಷಯಕ್ಕೆ ಇನ್ನೂ ಹೆಚ್ಚು ತಾಳ್ಮೆ ಬೇಕು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ 13 ತುಂಬಿದವರು ಇಂಥ ಹೊರರೋಗಿ ನೆರವಿಗೆ ತಾವೇ ಒಪ್ಪಿಗೆ ಕೊಡಬಹುದು. ಇಲ್ಲಿ 18 ತುಂಬದವರಿಗೆ ಚಿಕಿತ್ಸೆ ಎಂದರೆ ಪೋಷಕರು ಬೇಕು. ಅದಕ್ಕೇ "ಮನೆಗೆ ಹೇಳುತ್ತೇವೆ" ಎನ್ನುವ ಬದಲು "ಮನೆಯಲ್ಲಿ ಯಾರಿಗೆ ಮೊದಲು ಹೇಳಿದರೆ ಸುಲಭ?" ಎಂದು ಕೇಳಿದೆವು. ಅಮ್ಮ ಎಂದ. ಮೂರನೇ ವಾರ ಅಮ್ಮ ಬಂದಾಗ ಮಾತು ಶುರುಮಾಡಿದವನು ಅವನೇ, ನಾವು ಪಕ್ಕದಲ್ಲಿದ್ದೆವು. ಆ ತಾಯಿ ಅತ್ತರು, ಆಮೇಲೆ "ಹೊಡೆಯಲ್ಲ ಕಣೋ, ಹೇಳು" ಎಂದರು. ಅವರಿಗೆ ಎರಡೇ ಕೆಲಸ ಹೇಳಿದೆವು: ಮುಂದಿನ ಎರಡು ವಾರ ಅವನ ಸಿಡುಕನ್ನು ಸೇದಿದ್ದರ ಗುರುತೆಂದು ತಿಳಿಯಬೇಡಿ, ದಿನಾ ಚೀಲ ತಡಕಬೇಡಿ.

ಕೆಲವು ಲಕ್ಷಣ ಕಂಡರೆ ಕೊಠಡಿಯ ಮಾತು ಸಾಕಾಗುವುದಿಲ್ಲ, ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು: ಯಾರೂ ಇಲ್ಲದಾಗ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಇದ್ದಾರೆಂಬ ಗಟ್ಟಿ ಸಂಶಯ, ಸಾಯುವ ಮಾತು, ನಿಲ್ಲದ ವಾಂತಿ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಸಂಶಯ ಬಂದಷ್ಟಕ್ಕೇ ಕಳುಹಿಸುವುದು ಕ್ಷೇಮ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಭಯ ಪೋಷಕರಲ್ಲಿ ಗಟ್ಟಿಯಾಗಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ ಎಂದು ಅವರಿಗೆ ಬಿಡಿಸಿ ಹೇಳಬೇಕು. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸೆರೆವಾಸ ಇದೆ. ಕಾನೂನಿನ ಕೈ ಹೋಗಬೇಕಾದದ್ದು ಆ ಕಡೆಗೆ.

ಒಂದು ತಿಂಗಳ ನಂತರದ ಕ್ಯಾಲೆಂಡರಿನಲ್ಲಿ 6 ಗೆರೆ, ಅದರಲ್ಲಿ ಮೂರು ಒಂದೇ ವಾರಾಂತ್ಯದವು. ಜಾರಿದ್ದಕ್ಕೆ ಬೈಯಲಿಲ್ಲ. ಶುಕ್ರವಾರ ಸಂಜೆ ಯಾರ ಫೋನ್ ಬಂತು, ಆಗ ಕೈಯಲ್ಲಿ ಎಷ್ಟು ದುಡ್ಡಿತ್ತು, ಊಟ ಆಗಿತ್ತಾ ಎಂದು ಒಂದೊಂದೇ ಕೊಂಡಿ ಹಿಂದಕ್ಕೆ ಬಿಡಿಸಿದೆವು. ಮಾಲಿನವನ ನಂಬರ್ ಬ್ಲಾಕ್ ಆದದ್ದು ಅವತ್ತು.

ಮೂರು ತಿಂಗಳಿಗೆ ಮತ್ತೊಂದು ಭೇಟಿ ಆಗುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿರುತ್ತದೆ. ಅದು ಮುಗಿದರೆ ಬೇಸಿಗೆ ರಜೆ, ಕೊಠಡಿಗೆ ಬೀಗ. ಇಳಿಸಿಕೊಂಡವರು ಮತ್ತೆ ಏರುವುದು ಆ ರಜೆಯಲ್ಲೇ. ಆದ್ದರಿಂದ ಕೊನೆಯ ಭೇಟಿಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446, ಎರಡನ್ನೂ ಅವನ ಫೋನಿನಲ್ಲಿ ಸೇವ್ ಮಾಡಿಸುತ್ತೇವೆ. 14416ಕ್ಕೆ ನಮ್ಮೆದುರೇ ಒಮ್ಮೆ ಕರೆ ಮಾಡಿಸಿ, ಕನ್ನಡ ಆರಿಸುವುದು ಹೇಗೆಂದು ತೋರಿಸಿಕೊಟ್ಟು ಕಳುಹಿಸುತ್ತೇವೆ.