ಬ್ರಿಡ್ಜ್ ಪಿಕಪ್ಪಿಗಾಗಿ ಡೊಂಬಿವಿಲಿಯಿಂದ ಲ್ಯಾಮಿಂಗ್ಟನ್ ರೋಡ್‌ವರೆಗೆ

ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ ಪಿಕಪ್, ಅಂದ್ರೆ ತಂತಿ ಕಟ್ಟೋ ತುದಿಯ ಹತ್ರ ಕೂತು ತಂತಿಯ ಅಲುಗಾಟವನ್ನ ಸಿಗ್ನಲ್ ಮಾಡೋ ಮ್ಯಾಗ್ನೆಟ್ಟು-ಕಾಯಿಲು, ಬದಲಾಯಿಸ್ಬೇಕು, ಯಾವುದು ಹಾಕ್ಲಿ ಅಂತ ಯಾರನ್ನಾದ್ರೂ ಕೇಳಿ ನೋಡಿ, ಮುಕ್ಕಾಲುವಾಸಿ ಜನ ಕಣ್ಮುಚ್ಕೊಂಡು 'ಜೆಬಿ ಹಾಕು ಗುರು' ಅಂತಾರೆ. ಸೀಮೋರ್ ಡಂಕನ್ ಕಂಪನಿಯ ಎಸ್‌ಎಚ್-4. ಯಾಕಪ್ಪಾ ಅಂದ್ರೆ 16 ಕೆ (ಕಾಯಿಲಿನ ರೆಸಿಸ್ಟೆನ್ಸ್, ಕಿಲೋಓಮ್ ಲೆಕ್ಕದಲ್ಲಿ) ಇದೆ, ಔಟ್‌ಪುಟ್ ಭಾರಿ ಅಂತಾರೆ. ಈ ಕೆ ಲೆಕ್ಕದ ಹುಚ್ಚು ಎಲ್ಲಿಂದ ಶುರುವಾಯ್ತೋ ದೇವರಿಗೇ ಗೊತ್ತು. ನನ್ನ ಗಿಟಾರಲ್ಲಿ ಕಂಪನಿಯಿಂದಲೇ ಬಂದಿದ್ದ ಪಿಕಪ್ಪೂ ಹತ್ತತ್ರ ಅಷ್ಟೇ ಕೆ, ಆದ್ರೆ ಅದರ ಸೌಂಡ್ ಮಾತ್ರ ಕೇಳೋ ಹಂಗಿರ್ಲಿಲ್ಲ.

ಗಿಟಾರ್ ಇಂಡೋನೇಷ್ಯಾದಲ್ಲಿ ಆಗಿದ್ದು, ಮರ ಚೆನ್ನಾಗಿದೆ, ನೆಕ್ ಬೆಣ್ಣೆ. ಆದ್ರೆ ಬ್ರಿಡ್ಜ್ ಪಿಕಪ್ಪಿಗೆ ಹಾಕಿ ಸ್ವಲ್ಪ ಗೇನ್ (ಆಂಪಲ್ಲಿ ಸದ್ದು ಒಡೆಯೋ ಹಾಗೆ ಮಾಡೋ ಗುಬುಟು) ಏರಿಸಿ ಒಂದು ಜಿ ಕಾರ್ಡ್ ಹೊಡೆದ್ರೆ ಆರೂ ತಂತಿ ಸೇರಿ ಒಂದೇ ಮುದ್ದೆ, ಯಾವ ತಂತಿ ಏನು ಹೇಳ್ತಿದೆ ಅಂತಾನೇ ತಿಳಿಯಲ್ಲ. ಗೇನ್ ಇಳಿಸಿ ಗಿಟಾರಿನ ವಾಲ್ಯೂಮ್ ಒಂಚೂರು ತಗ್ಗಿಸಿದ್ರೆ ಕಂಬಳಿ ಹೊದ್ಕೊಂಡು ಮಾತಾಡಿದ ಹಾಗೆ. ಅಂದ್ರೆ ನಂಗೆ ಬೇಕಾಗಿದ್ದು ಜೋರು ಅಲ್ಲ. ಡೊಂಬಿವಿಲಿಯ ಒನ್ ಬಿಎಚ್‌ಕೆ ಫ್ಲ್ಯಾಟಲ್ಲಿ ಸಣ್ಣ ಆಂಪ್ ಇಟ್ಕೊಂಡು ಬಾರಿಸೋನಿಗೆ ಜೋರು ಯಾಕೆ, ಮೂರನೇ ಮಹಡಿಯ ಕಾಕು ಈಗಾಗ್ಲೇ ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ.

ಹಾಗಂತ ಈಗಿರೋ ಎರಡು ಕಾಯಿಲಿನ ಹಂಬಕರ್ ಪಿಕಪ್ ಬಿಟ್ಟು ಒಂದೇ ಕಾಯಿಲಿನ ಸಿಂಗಲ್ ಕಾಯಿಲಿಗೆ ಹೋಗೋ ಪ್ರಶ್ನೆ ಇಲ್ಲ. ನಮ್ಮ ಬಿಲ್ಡಿಂಗಲ್ಲಿ ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್, ಪಕ್ಕದ ಮನೆ ಟ್ಯೂಬ್‌ಲೈಟ್ ಚೋಕ್ ಎಲ್ಲಾ ಸೇರ್ಕೊಂಡು ಸಿಂಗಲ್ ಕಾಯಿಲಲ್ಲಿ ಬರೀ ಗುಂಯ್ ಅನ್ನತ್ತೆ. ಹಂಬಕರಲ್ಲಿ ಎರಡು ಕಾಯಿಲ್ ಇರತ್ತೆ, ಒಂದರ ಮ್ಯಾಗ್ನೆಟ್ಟಿನ ದಿಕ್ಕೂ ಉಲ್ಟಾ, ಸಿಗ್ನಲ್ ಜೋಡಿಸಿರೋದೂ ಉಲ್ಟಾ, ಹಾಗಾಗಿ ತಂತಿಯ ಸದ್ದು ಒಂದಕ್ಕೊಂದು ಕೂಡ್ಕೊಳತ್ತೆ, ಕರೆಂಟಿನ 50 ಹರ್ಟ್ಸ್ ಗುಂಯ್ ಮಾತ್ರ ಎರಡರಲ್ಲೂ ಎದುರುಬದುರಾಗಿ ಬಂದು ಕಳೆದುಹೋಗತ್ತೆ. ಗಿಬ್ಸನ್ ಗಿಟಾರ್ ಕಂಪನೀಲಿದ್ದ ಸೆತ್ ಲವರ್ ಇದಕ್ಕೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರು, 1957ರಿಂದ ಲೆಸ್ ಪಾಲ್ ಗಿಟಾರುಗಳಲ್ಲಿ ಬಂತು, ಹಿಂದೆ ಪೇಟೆಂಟ್ ಅಪ್ಲೈಡ್ ಫಾರ್ ಅಂತ ಸ್ಟಿಕ್ಕರ್ ಇರ್ತಿತ್ತು, ಅದಕ್ಕೇ ಆ ಹಳೇ ಪಿಕಪ್ಪುಗಳನ್ನ ಇವತ್ತಿಗೂ ಪಿಎಎಫ್ ಅನ್ನೋದು. ಅವು ಸುಮಾರು 7ರಿಂದ 9 ಕೆ ಒಳಗೇ ಇರ್ತಿದ್ವು. ಅಷ್ಟರಲ್ಲೇ ಜಗತ್ತು ರಾಕ್ ಬಾರಿಸ್ತಲ್ಲ!

ಶುಕ್ರವಾರ ರಾತ್ರಿ ಮಲ್ಟಿಮೀಟರ್ ಹಿಡ್ಕೊಂಡು ಕೂತೆ. ಜ್ಯಾಕಿಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯಲ್ಲಿ ಅಳೆದ್ರೆ 15.3. ವಾಲ್ಯೂಮ್ ಪಾಟ್‌ನ (ಗುಬುಟಿನ ಕೆಳಗೆ ತಿರುಗೋ ರೆಸಿಸ್ಟರ್) 500 ಕೆ ಪ್ಯಾರಲಲ್ಲಾಗಿ ಸೇರ್ಕೊಳೋದ್ರಿಂದ ನಿಜವಾದ ಲೆಕ್ಕ ಸ್ವಲ್ಪ ಜಾಸ್ತಿನೇ, 15.8 ಹತ್ರ. ಇನ್ನೂ ಒಂದು ತಮಾಷೆ ಏನಂದ್ರೆ ತಾಮ್ರದ ತಂತಿ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರತ್ತೆ, ಹತ್ತು ಡಿಗ್ರಿಗೆ ಹೆಚ್ಚುಕಮ್ಮಿ 4 ಪರ್ಸೆಂಟ್. ಏಸಿ ರೂಮಲ್ಲಿ ಅಳೆದ ಪಿಕಪ್ಪನ್ನೇ ಮೇ ತಿಂಗಳ ಮುಂಬೈಲಿ ಅಳೆದ್ರೆ ಪುಕ್ಕಟೆ ಅರ್ಧ ಕೆ ಜಾಸ್ತಿ ಸಿಗತ್ತೆ, ಸೌಂಡ್ ಅದೇ. ತೆಳು ತಂತಿ ಸುತ್ತಿದ್ರೂ ಕೆ ಏರತ್ತೆ. ಹಾಗಾಗಿ ಬರೀ ಆ ನಂಬರ್ ನೋಡಿ ಪಿಕಪ್ ಆರಿಸೋರನ್ನ ಕಂಡ್ರೆ ನಂಗೆ ಪಾಪ ಅನ್ಸತ್ತೆ. ಒಂದು ಮಾತು ನಿಜ, ಬ್ರಿಡ್ಜ್ ಹತ್ರ ತಂತಿ ಅಲುಗೋದೇ ಕಮ್ಮಿ, ಅದಕ್ಕೆ ಅಲ್ಲಿಯ ಪಿಕಪ್ಪಿಗೆ ಸುತ್ತು ಜಾಸ್ತಿ ಹಾಕ್ತಾರೆ. ಆದ್ರೆ ಸುತ್ತು ಏರಿದಷ್ಟೂ ಮೇಲಿನ ಟ್ರೆಬಲ್ ಸಾಯತ್ತೆ, ಮಿಡ್ ಮುಂದೆ ಬರತ್ತೆ. ನನ್ನ ಮುದ್ದೆಗೆ ಕಾರಣ ಇದೇ ಇರ್ಬೇಕು ಅಂತ ಲೆಕ್ಕ ಹಾಕ್ದೆ.

ಶನಿವಾರ ಬೆಳಿಗ್ಗೆ ಗಿಟಾರ್ ಬ್ಯಾಗ್ ಹೊತ್ಕೊಂಡು ಫಾಸ್ಟ್ ಲೋಕಲ್ ಹತ್ತಿ ದಾದರ್, ಅಲ್ಲಿಂದ ವೆಸ್ಟರ್ನ್ ಲೈನಲ್ಲಿ ಗ್ರ್ಯಾಂಟ್ ರೋಡ್. ಮಳೆ. ಗಿಟಾರ್ ಹೊತ್ತೋನನ್ನ ಲೋಕಲಲ್ಲಿ ಯಾರೂ ಪ್ರೀತಿಯಿಂದ ನೋಡಲ್ಲ, ಬಿಡಿ. ಅಲ್ಲೇ ಹತ್ರದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದು ಪಿಕಪ್ಪಿಗಲ್ಲ, ಪಾಟ್ ಮತ್ತೆ ಟೋನ್ ಗುಬುಟಿನ ಕೆಪಾಸಿಟರಿಗೆ. ಸಮುದ್ರದ ಗಾಳಿಗೆ ನನ್ನ ವಾಲ್ಯೂಮ್ ಪಾಟ್ ಕರಕರ ಅಂತಿತ್ತು, ಹೆಂಗೂ ಬಿಚ್ತೀನಲ್ಲ, ಒಟ್ಟಿಗೇ ಮುಗಿಸೋಣ ಅಂತ. ಅಂಗಡಿಯವ 'ಬಿ 500 ಕೆ ಲೇಲೋ, ಸಬ್ ಸೇಮ್ ಹೈ' ಅಂದ. ಸೇಮ್ ಅಲ್ಲ ಮಾರಾಯಾ! ಬಿ ಅಂದ್ರೆ ಲೀನಿಯರ್, ಅರ್ಧ ತಿರುಗಿಸಿದ್ರೂ ಸದ್ದು ಅಷ್ಟೇನೂ ಇಳಿದ ಹಾಗೆ ಕೇಳಲ್ಲ, ಆಮೇಲೆ ಕೊನೇಲಿ ದಿಢೀರ್ ಅಂತ ಬಿದ್ದೋಗತ್ತೆ. ನಂಗೆ ಬೇಕಾಗಿದ್ದು ಎ, ಲಾಗ್ ಪಾಟ್, ಕಿವಿಗೆ ಸಮವಾಗಿ ಇಳಿಯೋ ಥರದ್ದು. ಓಣಿ ಒಳಗಿನ ಒಂದು ಇರುಕು ಅಂಗಡೀಲಿ ಒಬ್ಬ ಅಜ್ಜ ಡಬ್ಬಿಗಳನ್ನೆಲ್ಲಾ ತಡಕಾಡಿ ಎ 500 ಕೆ ಹುಡುಕಿ ಕೊಟ್ರು, ಜೊತೆಗೆ 223 ಅಂತ ಬರೆದಿದ್ದ ಪುಟ್ಟ ಕೆಪಾಸಿಟರ್, ಅಂದ್ರೆ 0.022 ಮೈಕ್ರೋಫ್ಯಾರಡ್. ಪಾಟನ್ನ ಮೀಟರಲ್ಲಿ ನೋಡಿದ್ರೆ 480 ಚಿಲ್ಲರೆ. ಸಾಕು. 250 ಕೆ ಹಾಕಿದ್ರೆ ಹಂಬಕರಿನ ಟ್ರೆಬಲ್ ಇನ್ನೂ ಮಂಕಾಗತ್ತೆ, ಅದು ಸಿಂಗಲ್ ಕಾಯಿಲಿಗೆ ಸರಿ.

ಅಲ್ಲಿಂದ ಸ್ಲೋ ಲೋಕಲಲ್ಲಿ ಮಾತುಂಗಾ ರೋಡ್, ಝಡ್ ಬ್ರಿಡ್ಜ್ ದಾಟಿ ಮಾತುಂಗಾ ಈಸ್ಟಿಗೆ. ನನ್ನ ಭಾವಮೈದುನ ಇರೋದು ಅಲ್ಲೇ. ಉಡುಪಿ ಕಡೆಯವ, ಬ್ಯಾಂಕ್ ಕೆಲಸ, ಎರಡು ಗಿಟಾರ್ ಇಟ್ಕೊಂಡಿದಾನೆ, ಒಂದರಲ್ಲಿ ಜೆಬಿ, ಇನ್ನೊಂದರಲ್ಲಿ ಅದೇ ಡಂಕನ್ನಿನ '59 ಮಾಡೆಲ್, ಎಸ್‌ಎಚ್-1. ಈ ಎರಡನೇದು ಹಳೇ ಪಿಎಎಫ್ ದಾರಿಯದ್ದು, ಬ್ರಿಡ್ಜಿನದ್ದು 8 ಕೆ ಚಿಲ್ಲರೆ. ಎರಡರಲ್ಲೂ ಇರೋದು ಅಲ್ನಿಕೊ 5 ಮ್ಯಾಗ್ನೆಟ್ಟೇ. ಅಕ್ಕ ಇಡ್ಲಿ ಕೊಟ್ಳು, ತಿಂದು ಕೂತ್ವಿ. ಒಂದೇ ಆಂಪು, ಒಂದೇ ಕೇಬಲ್ಲು, ಯಾವ ಗುಬುಟೂ ಮುಟ್ಟಲ್ಲ ಅಂತ ಕರಾರು. ಜೆಬಿ ಮೊದಲು. ಸೋಲೋ ಬಾರಿಸಿದ್ರೆ ಎದೆ ಮೇಲೆ ಬರತ್ತೆ, ಮೇಲಿನ ಮಿಡ್ ಮುಂದೆ ನಿಂತು ಹಾಡತ್ತೆ, ಅದಕ್ಕೆ ಜನ ಯಾಕೆ ಮಾರುಹೋಗ್ತಾರೆ ಅಂತ ಗೊತ್ತಾಗತ್ತೆ. ಅದೇ ಜಿ ಕಾರ್ಡ್ ಹೊಡೆದ್ರೆ ಮಾತ್ರ ಮತ್ತೆ ಮುದ್ದೆ, ನನ್ನ ಹಳೇದರಷ್ಟು ಕೆಟ್ಟದಲ್ಲ, ಆದ್ರೂ ಮುದ್ದೆ. '59ಗೆ ಬದಲಾಯಿಸಿದ್ವಿ. ಸದ್ದು ಕಮ್ಮಿ ಆಯ್ತು, ಆಂಪಿನ ಗೇನ್ ಒಂಚೂರು ಏರಿಸಬೇಕಾಯ್ತು, ಕರಾರು ಅಲ್ಲೇ ಮುರೀತು. ಆದ್ರೆ ಕಾರ್ಡಲ್ಲಿ ಬಿ ತಂತಿ ಬೇರೆ, ಜಿ ತಂತಿ ಬೇರೆ ಕೇಳ್ತು! ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ತಂದ್ರೂ ಕಂಬಳಿ ಇಲ್ಲ. ಬೇಸ್ ಸ್ವಲ್ಪ ಸಡಿಲ, ಕೆಳಗಿನ ಇ ತಂತಿ ಮ್ಯೂಟ್ ಮಾಡಿ ಚಕಚಕ ಹೊಡೆಯೋರಿಗೆ ಇದು ಸಾಲಲ್ಲ, ಅವ್ರು ಸೆರಾಮಿಕ್ ಮ್ಯಾಗ್ನೆಟ್ ಕಡೆ ಹೋಗ್ಲಿ, ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ಥರದ್ದು, ಅದು 1972ರಿಂದ ಇದೇ ಕೆಲಸ ಮಾಡ್ತಾ ಬಂದಿದೆ.

ಭಾವಮೈದುನ '59 ಇದ್ದ ಗಿಟಾರಿಗೆ ಬ್ಯಾಟರಿಯಲ್ಲಿ ನಡೆಯೋ ಇಎಂಜಿ 81 ಪಿಕಪ್ ಹಾಕಿಸ್ಬೇಕು ಅಂತ ಹಠ ಹಿಡಿದಿದ್ದ. 9 ವೋಲ್ಟ್ ಬ್ಯಾಟರಿಗೆ ಜಾಗ ಮಾಡು, ಪಾಟ್ ಎಲ್ಲಾ 25 ಕೆ ಹಾಕು, ನಂಗಂತೂ ಅದು ಬೇಡದ ಸಹವಾಸ. ಆದ್ರೆ ಅವನ ಹಠ ನಂಗೆ ಲಾಭ. 'ಈಗ್ಲೇ ಬಿಚ್ಕೊಂಡೋಗು' ಅಂದ. ಹೊಸದರ ಅರ್ಧ ದುಡ್ಡು ಕೊಟ್ಟೆ, ಛೇ ಛೇ ಬೇಡ ಅಂತಾನೇ ಜೇಬಿಗೆ ಹಾಕ್ಕೊಂಡ. ಒಂದೇ ಅನುಮಾನ ಇದ್ದಿದ್ದು, ಅದು ಗಿಬ್ಸನ್ ಅಳತೆಯದ್ದು, ನನ್ನ ಗಿಟಾರಿಗೆ ಟ್ರೆಮೊಲೊ ಬ್ರಿಡ್ಜ್ (ಕೋಲು ಒತ್ತಿ ಸ್ವರ ಅಲುಗಿಸೋದು) ಇರೋದ್ರಿಂದ ತಂತಿಗಳ ನಡುವೆ ಅಂತರ ಜಾಸ್ತಿ. ಅದಕ್ಕೇ ಅಂತ ಡಂಕನ್ನವರು ಟ್ರೆಂಬಕರ್ ಅಂತ ಅಗಲದ ಅಳತೆಯದ್ದೂ ಮಾಡ್ತಾರೆ. ಇಟ್ಟು ನೋಡಿದ್ರೆ ಎರಡೂ ತುದಿಯ ತಂತಿ ಪಿಕಪ್ಪಲ್ಲಿ ಒಂದೊಂದು ತಂತಿಯ ಕೆಳಗಿರೋ ಪೋಲ್ ಸ್ಕ್ರೂ ಮಧ್ಯಕ್ಕೆ ಬರ್ದೆ ಅಂಚಿಗೆ ಬರತ್ತೆ. ಕಣ್ಣಿಗೆ ಕಾಣತ್ತೆ, ನನ್ನ ಕಿವಿಗಂತೂ ಏನೂ ಗೊತ್ತಾಗ್ಲಿಲ್ಲ.

ಬೆಸುಗೆ ಸಂಜೆ ಅವನ ಮನೇಲೇ ಆಯ್ತು. ಡಂಕನ್ ವೈರಲ್ಲಿ ಕಪ್ಪು, ಬಿಳಿ ಒಂದು ಕಾಯಿಲಿನದ್ದು, ಕೆಂಪು, ಹಸಿರು ಇನ್ನೊಂದರದ್ದು, ಜೊತೆಗೆ ಬೋಳು ತಂತಿ. ಮೀಟರ್ ಇಟ್ರೆ ಎರಡೂ ಕಾಯಿಲಲ್ಲಿ 4 ಕೆ ಆಸುಪಾಸು, ಸರಿ ಇದೆ. ಕೆಂಪು ಬಿಳಿ ಸೇರಿಸಿ ಟೇಪ್ ಸುತ್ತು, ಕಪ್ಪು ಹಾಟ್ (ಸಿಗ್ನಲ್ ಹೋಗೋ ತಂತಿ), ಹಸಿರು ಮತ್ತೆ ಬೋಳು ತಂತಿ ಗ್ರೌಂಡಿಗೆ. ಡಿಮಾರ್ಜಿಯೋದಲ್ಲಿ ಬಣ್ಣಗಳ ಲೆಕ್ಕವೇ ಬೇರೆ, ಅಲ್ಲಿ ಕೆಂಪು ಹಾಟು. ನನ್ನ ನೆಕ್ ಪಿಕಪ್ ಬೇರೆ ಕಂಪನಿಯದ್ದಾದ್ರಿಂದ ಫೇಸ್ ಉಲ್ಟಾ ಆದ್ರೆ, ಅಂದ್ರೆ ಎರಡರ ಸಿಗ್ನಲ್ ಎದುರುಬದುರಾದ್ರೆ, ಎರಡೂ ಪಿಕಪ್ ಒಟ್ಟಿಗೆ ಕೇಳೋ ಹಾಗೆ ಸ್ವಿಚ್ ಮಧ್ಯಕ್ಕೆ ತಂದಾಗ ಮೂಗಲ್ಲಿ ಮಾತಾಡ್ದಂಗಾಗತ್ತೆ. ಅದಕ್ಕೆ ಅವನಪ್ಪನ ಕಾಲದ ಮುಳ್ಳಿನ ಮೀಟರ್ ತಂದ್ವಿ. ಪೋಲುಗಳ ಮೇಲೆ ಸ್ಕ್ರೂಡ್ರೈವರ್ ಇಟ್ಟು ಫಕ್ ಅಂತ ಎತ್ತಿದ್ರೆ ಮುಳ್ಳು ಒಂದು ಕಡೆ ಜಿಗಿಯತ್ತೆ, ನೆಕ್ಕಿನದ್ದು ಬಲಕ್ಕೆ ಜಿಗೀತು, ಇದು ಎಡಕ್ಕೆ. ಸರಿ, ಕಪ್ಪನ್ನ ಗ್ರೌಂಡಿಗೆ, ಹಸಿರನ್ನ ಹಾಟಿಗೆ ಅದಲುಬದಲು ಮಾಡ್ದೆ, ಬೋಳು ತಂತಿ ಮಾತ್ರ ಗ್ರೌಂಡಲ್ಲೇ. ಪಾಟಿನ ಬೆನ್ನಿಗೆ ಬೆಸುಗೆ ಹಿಡಿಯೋದು ಒಂದು ಯಜ್ಞ, ಆ ತಗಡು ಶಾಖ ಎಲ್ಲಾ ಕುಡ್ಕೊಂಡುಬಿಡತ್ತೆ, ಸ್ಯಾಂಡ್‌ಪೇಪರಲ್ಲಿ ಉಜ್ಜಿ 40 ವ್ಯಾಟ್ ಐರನ್ ಒತ್ತಿ ಹಿಡಿದ್ಮೇಲೆ ಸೀಸ ನೀರಾಗಿ ಹರಡ್ಕೊಂಡು ಹೊಳೀತು.

ಕೊನೇ ಫ್ರೆಟ್ ಒತ್ತಿ ಹಿಡಿದು ಎತ್ತರ ಸೆಟ್ ಮಾಡಿದ್ವಿ, ದಪ್ಪ ತಂತಿಯ ಕಡೆ ಎರಡೂವರೆ ಮಿಲಿಮೀಟರ್, ತೆಳು ಕಡೆ ಎರಡು. ಬ್ರಿಡ್ಜ್ ಈಗ ಸೌಮ್ಯ ಆಗಿರೋದ್ರಿಂದ ನೆಕ್ ಪಿಕಪ್ಪೇ ಜೋರಾಗಿ ಕೇಳ್ತು, ಅದರ ಸ್ಕ್ರೂ ತಿರುಗಿಸಿ ಕೆಳಗಿಳಿಸ್ದೆ, ಎರಡೂ ಸಮ ಆಯ್ತು. 223 ಕೆಪಾಸಿಟರ್ ಹಾಕೋಷ್ಟು ತಾಳ್ಮೆ ಆಮೇಲೆ ಇಬ್ಬರಿಗೂ ಇರ್ಲಿಲ್ಲ, ಟೋನ್ ಗುಬುಟಲ್ಲಿ ಹಳೇದೇ ಕೂತಿದೆ. ಗಣಪತಿ ರಜೇಲಿ ಇಎಂಜಿ ಹಾಕೋಕೆ ಬಾ, ಆಗ ಅದನ್ನೂ ನೋಡೋಣ ಅಂದಿದಾನೆ. ಬ್ಯಾಟರಿ ಅವನೇ ತರ್ತಾನಂತೆ.