ಎರಡು ದಂಡೆ ಹೂವು, ಐದು ಗೊರಟು

ಬಾಟನಿ ಸರ್ ಎರಡು ದಂಡೆ ಹೂವು ಹಿಡಿದುಕೊಂಡು ಕ್ಲಾಸಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ಅಬ್ಬಲಿಗೆ, ಇನ್ನೊಂದು ಮಲ್ಲಿಗೆ. ಮಾರಿಕಾಂಬಾ ದೇವಸ್ಥಾನದ ಹತ್ತಿರ ಬೆಳಿಗ್ಗೆ ಕೊಂಡದ್ದಂತೆ. ಬಾಳೆಎಲೆಯ ಪೊಟ್ಟಣ ಇನ್ನೂ ಒದ್ದೆ ಇತ್ತು. ಯಾರಿಗೆ ಸರ್ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದು 1988. ನಾವು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆವು.

ಸರ್ ಎರಡೂ ದಂಡೆಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಉದ್ದ ಸರಿಸಮ. "ಅಬ್ಬಲಿಗೆ ಅಪ್ಪನ ಕಡೆಯಿಂದ ಬಂದದ್ದು, ಮಲ್ಲಿಗೆ ಅಮ್ಮನ ಕಡೆಯಿಂದ. ಇಬ್ಬರದ್ದೂ ಒಂದೊಂದು ಕ್ರೋಮೋಸೋಮ್, ಗುಣಗಳನ್ನು ಹೊತ್ತ ಎಳೆ, ಅಂದುಕೊಳ್ಳಿ" ಎಂದರು. ಜೇಬಿನಿಂದ ಕತ್ತರಿ ತೆಗೆದು ಎರಡನ್ನೂ ಒಂದೇ ಜಾಗದಲ್ಲಿ ಕಚಕ್ಕೆಂದು ಕತ್ತರಿಸಿದರು. ಹುಡುಗಿಯರ ಸಾಲಿನಲ್ಲಿ ಅಯ್ಯೋ ಎಂಬ ಸದ್ದು ಬಂತು. ಹೂವಿಗೋಸ್ಕರ, ವಿಜ್ಞಾನಕ್ಕಲ್ಲ. ಆಮೇಲೆ ಅಬ್ಬಲಿಗೆಯ ತುಂಡಿಗೆ ಮಲ್ಲಿಗೆಯ ತುಂಡನ್ನೂ, ಮಲ್ಲಿಗೆಯ ತುಂಡಿಗೆ ಅಬ್ಬಲಿಗೆಯದನ್ನೂ ಗಂಟು ಹಾಕಿದರು. ಈಗ ಎರಡು ದಂಡೆಯಲ್ಲೂ ಸ್ವಲ್ಪ ಕೇಸರಿ, ಸ್ವಲ್ಪ ಬಿಳಿ.

"ಒಂದು ಹೂವೂ ಕಳೆದಿಲ್ಲ, ಒಂದು ಹೂವೂ ಹೊಸದಾಗಿ ಬಂದಿಲ್ಲ. ಆದರೆ ಇಂಥ ದಂಡೆ ನಿಮ್ಮ ಅಪ್ಪನ ಹತ್ತಿರವೂ ಇರಲಿಲ್ಲ, ಅಮ್ಮನ ಹತ್ತಿರವೂ ಇರಲಿಲ್ಲ. ಅಲ್ವಾ?"

ಕ್ರೋಮೋಸೋಮ್‌ಗಳು ಹೀಗೆ ತುಂಡು ಅದಲುಬದಲು ಮಾಡಿಕೊಳ್ಳುವ ಕ್ರಾಸಿಂಗ್ ಓವರ್ ನನಗೆ ಅರ್ಥವಾದದ್ದು ಆ ಗಂಟಿನಲ್ಲಿ. ಪುಸ್ತಕದಲ್ಲಿ ಅದಕ್ಕೆ ಮೊದಲೇ ಓದಿದ್ದೆ. ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್ ಎಂದು ಕೋಶ ವಿಭಜನೆಯ ಹಂತಗಳನ್ನು ಮಗ್ಗಿಯ ಹಾಗೆ ಬಾಯಿಪಾಠವೂ ಮಾಡಿದ್ದೆ. ತಲೆಗೆ ಮಾತ್ರ ಹೋಗಿರಲಿಲ್ಲ.

ಪಾಠ ಮುಗಿಯುವ ಹೊತ್ತಿಗೆ ಸರ್ ತಾವೇ ತಪ್ಪೊಪ್ಪಿಕೊಂಡರು. "ನಿಜ ಹೇಳಬೇಕೆಂದರೆ ನಾಲ್ಕು ದಂಡೆ ತರಬೇಕಿತ್ತು. ದುಡ್ಡು ಸಾಲಲಿಲ್ಲ." ಜೋಡಿಯಾಗಿ ಅಂಟಿಕೊಳ್ಳುವ ಮೊದಲೇ ಪ್ರತಿ ಕ್ರೋಮೋಸೋಮ್ ಎರಡಾಗಿರುತ್ತದೆ. ಹಾಗಾಗಿ ಒಂದು ಜೋಡಿಯಲ್ಲಿ ಇರುವುದು ನಾಲ್ಕು ಎಳೆ. ಒಂದು ಜಾಗದಲ್ಲಿ ಅದಲುಬದಲಾಗುವುದು ಅಪ್ಪನ ಕಡೆಯ ಒಂದು ಎಳೆ, ಅಮ್ಮನ ಕಡೆಯ ಒಂದು ಎಳೆ. ಉಳಿದೆರಡು ಅಲ್ಲಿ ಇದ್ದ ಹಾಗೇ ಇರುತ್ತವೆ. ಕೊನೆಗೆ ನಾಲ್ಕೂ ನಾಲ್ಕು ದಾರಿ ಹಿಡಿಯುತ್ತವೆ.

ಮರುದಿನ ಅದೇ ದಂಡೆ, ಸ್ವಲ್ಪ ಬಾಡಿತ್ತು. ಈ ಸಲ ಪ್ರಶ್ನೆ ಬೇರೆ. ಕಣ್ಣು ಮುಚ್ಚಿ ಎಲ್ಲಿ ಬೇಕಾದರೂ ಕತ್ತರಿಸಿದರೆ, ಪಕ್ಕಪಕ್ಕದ ಎರಡು ಹೂವು ಬೇರೆಯಾಗುವ ಸಾಧ್ಯತೆ ಜಾಸ್ತಿಯೋ, ಎರಡು ತುದಿಯ ಹೂವು ಬೇರೆಯಾಗುವುದು ಜಾಸ್ತಿಯೋ? ಇದಕ್ಕೆ ಡಿಗ್ರಿ ಬೇಕಾಗಿಲ್ಲ. ಆದರೆ ಇಷ್ಟನ್ನೇ ಹಿಡಿದುಕೊಂಡು 1911ರಲ್ಲಿ ಅಮೆರಿಕದ ಒಬ್ಬ ಕಾಲೇಜು ಹುಡುಗ ಏನು ಮಾಡಿದ ಎಂದು ಸರ್ ಹೇಳಿದರು. ಆಲ್ಫ್ರೆಡ್ ಸ್ಟರ್ಟೆವಂಟ್. ಮಾರ್ಗನ್ ಅವರ ಹಣ್ಣುನೊಣದ ಲ್ಯಾಬಿನ ಹುಡುಗ. ಎರಡು ಗುಣ ಎಷ್ಟು ಸಲ ಬೇರೆಯಾಗುತ್ತವೆ ಎನ್ನುವ ಲೆಕ್ಕದಿಂದಲೇ ಅವುಗಳ ನಡುವಿನ ದೂರ ಗೊತ್ತಾಗಬೇಕಲ್ಲ ಎಂದು ಅವನಿಗೆ ಹೊಳೆಯಿತು. ಮನೆಗೆ ಹೋಗಿ, ಹೋಂವರ್ಕ್ ಬದಿಗಿಟ್ಟು, ರಾತ್ರಿಯೆಲ್ಲ ಕುಳಿತು ಜೀನ್‌ಗಳನ್ನು ಸಾಲಾಗಿ ಜೋಡಿಸಿದ. ಕ್ರೋಮೋಸೋಮಿನ ಮೊದಲ ನಕ್ಷೆ ಅದು, 1913ರಲ್ಲಿ ಅಚ್ಚಾಯಿತು. "ನೀವೂ ಹೋಂವರ್ಕ್ ಬಿಡುತ್ತೀರಿ. ಬಿಟ್ಟು ಏನು ಮಾಡುತ್ತೀರಿ ಹೇಳಿ ನೋಡೋಣ" ಎಂದು ನಮ್ಮ ಮುಖ ನೋಡಿದರು. ನಾವು ಕಿಟಕಿ ನೋಡಿದೆವು.

ದಂಡೆಯಲ್ಲಿ ಕಂಡದ್ದನ್ನು ಕಣ್ಣಾರೆ ನೋಡಲು ಐದಾರು ವಾರ ಬೇಕಾಯಿತು. ಅದು ಇನ್ನೊಂದು ಕಥೆ.

ಈರುಳ್ಳಿಯಲ್ಲಿ ಕ್ರೋಮೋಸೋಮ್ ಎಂಟೇ ಜೋಡಿ, ಅದೂ ದಪ್ಪ ದಪ್ಪ. ಅದಕ್ಕೇ ಕಲಿಯುವವರಿಗೆ ಈರುಳ್ಳಿ. ಮೊಳಕೆ ಬಂದ ಗಡ್ಡೆಗಳನ್ನು ಮಳೆ ಮುಗಿದ ಮೇಲೆ ಕುಂಡಗಳಲ್ಲಿ ನೆಟ್ಟಿದ್ದೆವು. ಹೂಗೊಂಚಲು ಬಂದಾಗ ಬೆಳಿಗ್ಗೆ ಬೇಗ ಹೋಗಿ ಮೊಗ್ಗು ಕೀಳಬೇಕು, ಕಿತ್ತ ಕೂಡಲೇ ಆಲ್ಕೋಹಾಲ್ ಮತ್ತು ಅಸಿಟಿಕ್ ಆಸಿಡ್ ಬೆರೆಸಿದ ಬಾಟಲಿಗೆ ಹಾಕಬೇಕು. ಮೂರು ಪಾಲಿಗೆ ಒಂದು ಪಾಲು. ಮಾರನೇ ದಿನ ಒಂದು ಪರಾಗಕೋಶ ಬಿಡಿಸಿ, ಗಾಜಿನ ಮೇಲೆ ಇಟ್ಟು, ಕೆಂಪು ಅಸಿಟೋಕಾರ್ಮೈನ್ ಒಂದು ಹನಿ ಬಿಟ್ಟು ಸೂಜಿಯಿಂದ ಜಜ್ಜುವುದು. ಸೂಜಿ ತುಕ್ಕು ಹಿಡಿದದ್ದೇ ಬೇಕು. ಹೊಸ ಸೂಜಿ ತಂದ ಗೆಳೆಯನಿಗೆ ಸರ್ ಬೈದದ್ದು ಇನ್ನೂ ನೆನಪಿದೆ. ಕಬ್ಬಿಣದ ಅಂಶ ಸ್ವಲ್ಪ ಇಳಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು. ಸ್ಪಿರಿಟ್ ದೀಪದ ಮೇಲೆ ಒಮ್ಮೆ ಆಡಿಸಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಒತ್ತುವಾಗ ಕವರ್ ಗಾಜು ಅತ್ತಿತ್ತ ಜರುಗಿದರೆ ಎಲ್ಲ ಹೋಯಿತು.

ಮೊಗ್ಗು ಸ್ವಲ್ಪ ದೊಡ್ಡದಾದರೆ ಒಳಗೆ ಪರಾಗ ಆಗಲೇ ತಯಾರು. ಸ್ವಲ್ಪ ಚಿಕ್ಕದಾದರೆ ಇನ್ನೂ ಏನೂ ಶುರುವಾಗಿಲ್ಲ. ನಡುವಿನ ಆ ಒಂದು ಅಳತೆ ಸಿಗಬೇಕು. ನನಗೆ ವಾರಗಟ್ಟಲೆ ಕಂಡದ್ದು ಬರೀ ಕೆಂಪು ಚುಕ್ಕಿ, ಗಾಳಿಗುಳ್ಳೆ, ಇನ್ನೊಮ್ಮೆ ನನ್ನದೇ ರೆಪ್ಪೆಕೂದಲು. ಕನ್ನಡಿ ಇರುವ ಹಳೆಯ ಸೂಕ್ಷ್ಮದರ್ಶಕ. ಮಳೆಗಾಲದ ಬೂಸ್ಟು ಲೆನ್ಸಿನ ಅಂಚಿನಲ್ಲಿ ಜೇಡರಬಲೆಯ ಹಾಗೆ ಕೂತಿತ್ತು. ಮೋಡ ಬಂದರೆ ಬೆಳಕಿಲ್ಲ. ರೆಕಾರ್ಡ್ ಬುಕ್ಕಿಗೆ ಪುಸ್ತಕದ ಚಿತ್ರ ನೋಡಿ ಬರೆದುಕೊಂಡು ಹೋದೆ. ಸರ್ ಸಹಿ ಹಾಕಲಿಲ್ಲ. "ನಿನ್ನ ಸ್ಲೈಡಿನಲ್ಲಿ ಗಾಳಿಗುಳ್ಳೆ ಇದ್ದರೆ ಗಾಳಿಗುಳ್ಳೆಯನ್ನೇ ಬರಿ" ಎಂದರು. ಬರೆದೆ. ಅದಕ್ಕೆ ಸಹಿ ಹಾಕಿದರು!

ಕೊನೆಗೂ ಒಂದು ಬೆಳಿಗ್ಗೆ ಕಂಡಿತು. ಒಂದೇ ಒಂದು ಕೋಶ. ಎಂಟು ಜೋಡಿ, ಒಂದರಿಂದ ಒಂದು ದೂರ. ಕೆಲವು ಕತ್ತರಿಯ ಹಾಗೆ, ಕೆಲವು ಉಂಗುರದ ಹಾಗೆ. ಎರಡು ಎಳೆ ಒಂದನ್ನೊಂದು ದಾಟಿದ ಆ ಜಾಗಕ್ಕೆ ಕಯಾಸ್ಮ ಎನ್ನುತ್ತಾರೆ. ಜೋಡಿ ಬಿಟ್ಟುಹೋಗಲು ನೋಡುತ್ತಿದೆ, ಗಂಟು ಬಿಡುತ್ತಿಲ್ಲ, ಹಾಗೆ ಕಾಣುತ್ತಿತ್ತು. ಸರ್ ಕಣ್ಣಿಟ್ಟು ನೋಡಿ ಏನೂ ಹೇಳಲಿಲ್ಲ. ಪಕ್ಕದ ಸ್ಟೂಲ್ ಎಳೆದುಕೊಂಡು ಕುಳಿತು ಮತ್ತೊಮ್ಮೆ ನೋಡಿದರು. ಆಮೇಲೆ ಇಡೀ ಕ್ಲಾಸನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ನನ್ನ ಡಿಗ್ರಿಯ ಅಂಕಪಟ್ಟಿ ಎಲ್ಲಿದೆಯೋ ಗೊತ್ತಿಲ್ಲ. ಆ ಸಾಲು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಗೊರಟಿನ ವಿಷಯ. ಸಿದ್ದಾಪುರದ ಕಡೆ ನಮ್ಮ ತೋಟದ ಕೆಳಗೆ ಹಳ್ಳದಂಚಿನಲ್ಲಿ ಒಂದು ಅಪ್ಪೆಮರ, ಅಂದರೆ ಮಿಡಿ ಉಪ್ಪಿನಕಾಯಿಯ ಮಾವಿನಮರ, ಇತ್ತು. ತೊಟ್ಟು ಮುರಿದರೆ ಸೊನೆಗೆ ಜೀರಿಗೆಯ ಪರಿಮಳ. ಮಿಡಿ ನೆಲಕ್ಕೆ ಬೀಳದ ಹಾಗೆ ಕೊಯ್ಯಲು ಅಪ್ಪಯ್ಯ ಬೇರೆಯವರನ್ನು ಮರ ಹತ್ತಿಸುತ್ತಿರಲಿಲ್ಲ, ತಾನೇ ಹತ್ತುತ್ತಿದ್ದ. ಆಯಿ ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷ ಕಳೆದರೂ ಕಚ್ಚಿದರೆ ಕಟುಂ ಎನ್ನುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಆ ಮರದ ಹಣ್ಣಿನ ಐದು ಗೊರಟು ತಂದು ಕೊಟ್ಟಿಗೆಯ ಹಿಂದೆ ನೆಟ್ಟೆ. ಐದೂ ಅಂಥದ್ದೇ ಮರ ಆಗುತ್ತವೆ, ಉಪ್ಪಿನಕಾಯಿ ಮಾರಿ ಸೈಕಲ್ ತೆಗೆದುಕೊಳ್ಳುವುದು ಎಂದು ಲೆಕ್ಕ. "ಗೊರಟು ಹಾಕಿರೆ ಅದೇ ಮರ ಬತ್ತಿಲ್ಲೆ ತಮಾ" ಎಂದು ಆಯಿ ಆಗಲೇ ಹೇಳಿದ್ದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಇದನ್ನು ಸರ್‌ಗೆ ಹೇಳಿದ್ದೇ ತಡ, "ಐದರದ್ದೂ ಎಲೆ ತಾ, ತಾಯಿಮರದ್ದೂ ತಾ" ಎಂದರು. ಸೋಮವಾರ ಆರು ಪೊಟ್ಟಣ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ. ಕ್ಲಾಸಿನಲ್ಲಿ ಎಲ್ಲರೂ ಎಲೆ ಹಿಸುಕಿ ಮೂಸಿದರು. ತಾಯಿಮರದ್ದು ಜೀರಿಗೆ. ಒಂದು ಗಿಡದ್ದು ಹತ್ತಿರ ಹತ್ತಿರ ಅದೇ, ಆದರೆ ಪೇಲವ. ಒಂದರಲ್ಲಿ ಕರ್ಪೂರದ ಘಾಟು. ಎರಡಕ್ಕೆ ಬರೀ ಮಾವಿನೆಲೆ ವಾಸನೆ. ಇನ್ನೊಂದು ಏನೆಂದು ಹೇಳಲು ಇಡೀ ಕ್ಲಾಸಿಗೆ ಆಗಲಿಲ್ಲ.

ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದರು. ಮಾವಿನಲ್ಲಿ 40 ಕ್ರೋಮೋಸೋಮ್, ಅಂದರೆ 20 ಜೋಡಿ. ಮಿಯಾಸಿಸ್‌ನಲ್ಲಿ, ಅಂದರೆ ಅಂಡ, ಪರಾಗ ತಯಾರಾಗುವಾಗಿನ ಕೋಶ ವಿಭಜನೆಯಲ್ಲಿ, ಪ್ರತಿ ಜೋಡಿಯಿಂದ ಒಂದೊಂದೇ ಹೋಗುವುದು. ಯಾವುದು ಹೋಗುತ್ತದೆ ಎನ್ನುವುದಕ್ಕೆ ನಿಯಮ ಇಲ್ಲ. ಕತ್ತರಿಯೇ ಆಡದಿದ್ದರೂ ಒಂದು ಮರಕ್ಕೆ 10,48,576 ಬಗೆಯ ಅಂಡ ಸಾಧ್ಯ. ಕತ್ತರಿ ಆಡಿದರೆ ಎಣಿಸುವುದು ಬಿಟ್ಟುಬಿಡಿ. ಅದರ ಮೇಲೆ ಹಳ್ಳದ ಆಚೆ ಯಾವ ಮರದ ಪರಾಗವನ್ನು ನೊಣ ಹೊತ್ತು ತಂದಿತ್ತೋ, ಅದರದ್ದು ಅರ್ಧ ಪಾಲು. "ಎಲ್ಲ ತಪ್ಪನ್ನೂ ತಾಯಿಯ ಮೇಲೆ ಹಾಕಬೇಡಿ" ಎಂದರು. ಆ ಮಾತಿಗೆ ಹುಡುಗಿಯರು ಚಪ್ಪಾಳೆ ಹೊಡೆದರು. ಕಸಿ ಕಟ್ಟಿದರೆ ಇದ್ಯಾವುದೂ ಇಲ್ಲ. ಅಲ್ಲಿ ಮಿಯಾಸಿಸ್ ನಡೆಯುವುದೇ ಇಲ್ಲ. ಅದು ಹೊಸ ಮರವಲ್ಲ, ಅದೇ ಮರದ ಇನ್ನೊಂದು ಕೊಂಬೆ. ಅಪ್ಪಯ್ಯನಿಗೆ ಹೇಳಿದೆ. ಅವನು ನಾಲ್ಕು ಗಿಡಕ್ಕೆ ತಾಯಿಮರದ ಕಡ್ಡಿ ಕಸಿ ಮಾಡಿಸಿದ. ಹೆಸರಿಡಲಾಗದ ವಾಸನೆಯ ಐದನೆಯದನ್ನು ಸುಮ್ನೆ ಬಿಟ್ಟೆವು.

ನಾನು ಆಮೇಲೆ ಭತ್ತದ ತಳಿ ಅಭಿವೃದ್ಧಿಯ ಕೆಲಸಕ್ಕೆ ಸೇರಿದೆ. ಎಲ್ಲಿ, ಏನು ಎನ್ನುವುದೆಲ್ಲ ಇಲ್ಲಿ ಬೇಡ. ಅದಕ್ಕೂ ಸರ್ ಕಾರಣ ಎನ್ನಬೇಕು. ಅವರು ಕುಮಟಾ ಕಡೆಯವರು, ಅಘನಾಶಿನಿ ಹೊಳೆಯ ಉಪ್ಪುನೀರು ಬರುವ ಗಜನಿ ಗದ್ದೆಯ ಮನೆತನ. ಕಗ್ಗ ಭತ್ತದ ಒಂದು ತೆನೆ ಯಾವಾಗಲೂ ಅವರ ಕಪಾಟಿನಲ್ಲಿ ಇರುತ್ತಿತ್ತು. ಉದ್ದ ಮೀಸೆಯ ತೆನೆ. "ಭರತದ ಉಪ್ಪುನೀರು ನುಗ್ಗಿದರೂ ಇದು ಸಾಯುವುದಿಲ್ಲ ಮಾರಾಯಾ. ಆದರೆ ಆಳೆತ್ತರ ಬೆಳೆದು ಮಲಗುತ್ತದೆ. ಇದರ ಗಟ್ಟಿತನ, ಜಯಾ ಭತ್ತದ ಗಿಡ್ಡತನ, ಎರಡೂ ಒಂದರಲ್ಲಿ ಬರಬೇಕು" ಎನ್ನುತ್ತಿದ್ದರು.

ಹೇಳಿದಷ್ಟು ಸಲೀಸಲ್ಲ. ಕ್ರಾಸ್ ಮಾಡುವುದು ಕೈಚಳಕದ ಕೆಲಸ. ಭತ್ತದ ಒಂದೊಂದು ಹೂವಿನ ಆರಾರು ಕೇಸರ ಚಿಮುಟದಿಂದ ತೆಗೆದು, ಇನ್ನೊಂದು ಗಿಡದ ಪರಾಗ ಉದುರಿಸಿ, ಚೀಲ ಕಟ್ಟುವುದು. ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡವೂ ಒಂದೇ ಥರ. ನಿಜವಾದ ಕೆಲಸ ಶುರುವಾಗುವುದು ಆ ಗಿಡಗಳೊಳಗೆ ಮಿಯಾಸಿಸ್ ನಡೆದಾಗ. ಎರಡನೇ ಪೀಳಿಗೆಯ ಗದ್ದೆ ನೋಡಬೇಕು ನೀವು. ಕುಳ್ಳ, ಉದ್ದ, ಕೆಂಪಕ್ಕಿ, ಬಿಳಿಯಕ್ಕಿ, ಮೀಸೆ ಇದ್ದದ್ದು, ಇಲ್ಲದ್ದು, ಜಾತ್ರೆಯ ಹಾಗೆ.

ಮೊದಲ ವರ್ಷ ನಾನು ಪೆದ್ದನ ಹಾಗೆ 60 ಗಿಡ ಮಾತ್ರ ಬೆಳೆಸಿದೆ. ನನಗೆ ಬೇಕಾದ ಮೂರು ಗುಣವೂ ಅಡಗಿಕೊಳ್ಳುವ ಜಾತಿಯವು, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವಂಥವು. ಮೂರೂ ಒಂದೇ ಗಿಡದಲ್ಲಿ ಬರುವುದು 64ಕ್ಕೆ ಒಂದು. ಅದೂ ಮೂರು ಜೀನ್ ಒಂದಕ್ಕೊಂದು ಅಂಟಿಕೊಂಡಿಲ್ಲದಿದ್ದರೆ. ಅಂಟಿಕೊಂಡಿದ್ದರೆ ಗೋಳು ಬೇರೆಯೇ. ಇಂಥ ಎರಡು ಗುಣ, ಅಪ್ಪನ ಕಡೆ ಒಂದು, ಅಮ್ಮನ ಕಡೆ ಒಂದು ಎಂದುಕೊಳ್ಳಿ. ಬೇರೆ ಬೇರೆ ಕ್ರೋಮೋಸೋಮಿನ ಮೇಲಿದ್ದರೆ ಎರಡೂ ಕೂಡಿದ ಗಿಡ 16ಕ್ಕೆ ಒಂದು. ಒಂದೇ ದಂಡೆಯಲ್ಲಿ ಹತ್ತಿರವಿದ್ದು, ನೂರಕ್ಕೆ ಹತ್ತು ಸಲ ಮಾತ್ರ ಬೇರೆಯಾಗುವಂತಿದ್ದರೆ 400ಕ್ಕೆ ಒಂದು. ನನ್ನ 60ರಲ್ಲಿ ಏನು ಸಿಗಬೇಕು? ಒಳ್ಳೆಯ ಗುಣದ ಪಕ್ಕದಲ್ಲೇ ಕೆಟ್ಟದ್ದು ಕೂತಿದ್ದರೆ ಎರಡೂ ಜೊತೆಗೇ ಬರುತ್ತವೆ. ಬೀಗರ ಜೊತೆ ಅವರ ಜಗಳವೂ ಮನೆಗೆ ಬಂದ ಹಾಗೆ.

ಆ ಗಂಟು ಬಿಡಿಸಿದ ಒಳ್ಳೆಯ ಉದಾಹರಣೆ ಸ್ವರ್ಣಾ ಭತ್ತದ್ದು. ನೆರೆಯಲ್ಲಿ ಮುಳುಗಿದರೂ ಬದುಕುವ ಒಡಿಶಾದ ಎಫ್‌ಆರ್13ಎ ತಳಿಯ ಗುಣ ಒಂಬತ್ತನೇ ಕ್ರೋಮೋಸೋಮಿನ ಒಂದು ಸಣ್ಣ ತುಣುಕಿನಲ್ಲಿದೆ. ಅದನ್ನು ಸ್ವರ್ಣಾಕ್ಕೆ ತರುವಾಗ ಮತ್ತೆ ಮತ್ತೆ ಸ್ವರ್ಣಾದ ಜೊತೆಗೇ ಕ್ರಾಸ್ ಮಾಡಿದರು. ನೂರಾರು ಸಸಿಗಳ ಡಿಎನ್‌ಎ ನೋಡಿ, ಆ ತುಣುಕಿನ ಒಂದು ಪಕ್ಕದಲ್ಲಿ ಹತ್ತಿರದಲ್ಲೇ ಕತ್ತರಿ ಬಿದ್ದ ಗಿಡವನ್ನು ಆರಿಸಿದರು. ಮುಂದಿನ ಪೀಳಿಗೆಯಲ್ಲಿ ಇನ್ನೊಂದು ಪಕ್ಕ. ಮಲ್ಲಿಗೆ ದಂಡೆಯ ನಡುವೆ ಒಂದೇ ಒಂದು ಅಬ್ಬಲಿಗೆ ಉಳಿಯಿತು. 2009ರಲ್ಲಿ ಸ್ವರ್ಣಾ ಸಬ್-1 ರೈತರಿಗೆ ಬಂತು. ಕತ್ತರಿ ಎಲ್ಲಿ ಬೀಳಬೇಕೆಂದು ಹೇಳಲು ಆ ವಿಜ್ಞಾನಿಗಳಿಗೂ ಆಗಲಿಲ್ಲ. ಬಿದ್ದದ್ದನ್ನು ಹುಡುಕಿ ತೆಗೆದರು, ಅಷ್ಟೇ.

ಐದನೇ ಗಿಡ ಫಲ ಬಿಡುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿಯಾಗಿತ್ತು. ಮಿಡಿ ಗುಂಡಗೆ, ತೊಟ್ಟು ಗಿಡ್ಡ, ನೋಡಲು ಏನೇನೂ ಚೆಂದವಿಲ್ಲ. ಸೊನೆಗೆ ಜೀರಿಗೆಯೂ ಅಲ್ಲ ಕರ್ಪೂರವೂ ಅಲ್ಲ, ಮಾವಿನಶುಂಠಿಗೆ ಸ್ವಲ್ಪ ಹತ್ತಿರ. ಆಯಿ ಅನುಮಾನದಿಂದಲೇ ಒಂದು ಸಣ್ಣ ಭರಣಿ ಹಾಕಿದಳು. ಮರುವರ್ಷ ದೊಡ್ಡ ಭರಣಿ ಇಳಿಸಿದಳು.

ಹಳ್ಳದ ತಾಯಿಮರ 2019ರ ಮಳೆಯಲ್ಲಿ ದರೆಯ ಸಮೇತ ಹೋಯಿತು. ಕಸಿ ಮಾಡಿದ ನಾಲ್ಕರಲ್ಲಿ ಅದು ಇನ್ನೂ ಇದೆ.

ಕಳೆದ ವರ್ಷ ಸರ್‌ಗೆ ಎರಡು ಬಾಟಲಿ ಉಪ್ಪಿನಕಾಯಿ ಕಳಿಸಿದ್ದೆ. ಒಂದು ಕಸಿಮರದ್ದು, ಇನ್ನೊಂದು ಐದನೆಯದ್ದು. ಚೀಟಿ ಅಂಟಿಸಿರಲಿಲ್ಲ. ವಾರದ ಮೇಲೆ ಫೋನ್ ಬಂತು. ಈಗ ಕಿವಿ ಸ್ವಲ್ಪ ಮಂದ, ದನಿ ಮಾತ್ರ ಅದೇ.

"ಹಸಿರು ಮುಚ್ಚಳದ್ದು ಯಾವ ಮರದ್ದು?"

"ಐದನೇದು ಸರ್. ಯಾರಿಗೂ ಹೆಸರಿಡಲಿಕ್ಕೆ ಆಗಲಿಲ್ಲವಲ್ಲ, ಅದು."

"ಈ ಸಲ ಅದರದ್ದು ಹಣ್ಣು ಬಿದ್ದರೆ ಎರಡು ಗೊರಟು ತೆಗೆದಿಡು."

"ಗೊರಟು ಯಾಕೆ ಸರ್, ಕಸಿಗಿಡವನ್ನೇ ತರುತ್ತೇನೆ. ಮೂರು ನಾಲ್ಕು ವರ್ಷಕ್ಕೆ ಮಿಡಿ ಬಿಡುತ್ತದೆ."

"ಕಸಿಯಲ್ಲಿ ಏನು ಬರುತ್ತದೆ ಎಂದು ಗೊತ್ತಿದೆಯಲ್ಲ ಮಾರಾಯಾ. ಗೊರಟೇ ತಾ."